ಆ ರಿಪೋರ್ಟಿಗೆ ಸಹಿ ಹಾಕಿದವಳು ನಾನೇ

ಏಳೆಂಟು ವರ್ಷದ ಹಿಂದಿನ ಮಾತು. ನಮ್ಮ ಮೆಡಿಕಲ್ ಕಾಲೇಜಿನಲ್ಲಿ ಸ್ಕ್ಯಾನ್ ನೋಡಿ ರಿಪೋರ್ಟ್ ಬರೆಯುವ ರೇಡಿಯಾಲಜಿ ವಿಭಾಗದ ಬಾಗಿಲಲ್ಲಿ ಒಬ್ಬ ಹೆಂಗಸು ಎಂಆರ್‌ಐ ಕವರ್ ಹಿಡಿದು ನಿಂತಿದ್ದರು. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವರು. ವಯಸ್ಸು ನಲವತ್ತರ ಆಚೀಚೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ಮೇಡಂ, ನಾನಿನ್ನು ಬಗ್ಗಬಹುದಾ?"

ಸೊಂಟ ನೋವು ಅಂತ ಎರಡು ತಿಂಗಳ ಹಿಂದೆ ಸ್ಕ್ಯಾನ್ ಮಾಡಿಸಿದ್ದರು. ಡಿಸ್ಕ್ ಡಿಜನರೇಶನ್, ಎರಡು ಕಡೆ ಡಿಸ್ಕ್ ಬಲ್ಜ್ ಅಂತ ರಿಪೋರ್ಟ್ ಹೋಗಿತ್ತು. ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ ಸವೆದಿದೆ, ಎರಡು ಕಡೆ ತುಸು ಉಬ್ಬಿದೆ ಅಂತ. ಪಕ್ಕದ ಮನೆಯ ಕಾಲೇಜು ಹುಡುಗ ಅದನ್ನು ಓದಿ, "ಮೂಳೆ ಸವೆದು ಡಿಸ್ಕ್ ಆಚೆ ಬಂದಿದೆ" ಅಂದಿದ್ದ. ಅವತ್ತಿನಿಂದ ಅವರು ಒಂದು ಪಾತ್ರೆಯನ್ನೂ ಎತ್ತಿರಲಿಲ್ಲ. ಕೆಲಸ ಬಿಟ್ಟಿದ್ದರು. ನೋವು ಮಾತ್ರ ಮೂರೇ ವಾರಕ್ಕೆ ಮುಕ್ಕಾಲು ಪಾಲು ಕಡಿಮೆಯಾಗಿತ್ತಂತೆ. ಹೆದರಿಕೆ ಹಾಗೇ ಉಳಿದಿತ್ತು.

ರಿಪೋರ್ಟ್ ಬಿಚ್ಚಿ ನೋಡಿದೆ. ಕೆಳಗೆ ನನ್ನ ಸಹಿ. ಬರೆದದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಆದರೂ ಆ ಕಾಗದ ಒಬ್ಬರ ದುಡಿಮೆ ಕಸಿದುಕೊಂಡಿತ್ತು.

ನೋವೇ ಇಲ್ಲದವರ ಬೆನ್ನುಮೂಳೆ ಸ್ಕ್ಯಾನ್ ಮಾಡಿದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಒಂದು ಲೆಕ್ಕ ಹೊರಬಂತು. ಮೂರು ಸಾವಿರಕ್ಕೂ ಹೆಚ್ಚು ಜನರ ಲೆಕ್ಕ ಅದು. ಇಪ್ಪತ್ತರ ವಯಸ್ಸಿನವರಲ್ಲೇ ಶೇ 30ರಷ್ಟು ಜನರಿಗೆ ಡಿಸ್ಕ್ ಬಲ್ಜ್ ಇತ್ತು. ನಲವತ್ತರ ವಯಸ್ಸಿಗೆ ಅದು ಶೇ 50. ಡಿಜನರೇಶನ್ ಅಂತೂ ನಲವತ್ತಕ್ಕೆ ಶೇ 68, ಎಂಬತ್ತಕ್ಕೆ ಶೇ 96. ತಲೆಕೂದಲು ನೆರೆಯುವ ಹಾಗೆ ಇದೂ. ಇದೆಲ್ಲ ನನಗೆ ಗೊತ್ತಿತ್ತು. ಆ ಅಮ್ಮನಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ಮಾರನೇ ವಾರದಿಂದ ನಾನು ಒಂದು ಅಭ್ಯಾಸ ಶುರುಮಾಡಿದೆ. ನರ ಒತ್ತಿಲ್ಲದ, ಸೋಂಕು, ಗಡ್ಡೆ, ಮುರಿತ ಯಾವುದೂ ಇಲ್ಲದ ರಿಪೋರ್ಟಿನ ಕೊನೆಗೆ ಎರಡು ಸಾಲು ಸೇರಿಸತೊಡಗಿದೆ. ಈ ಬದಲಾವಣೆಗಳು ಈ ವಯಸ್ಸಿನಲ್ಲಿ ನೋವಿಲ್ಲದವರಲ್ಲೂ ಸಾಮಾನ್ಯ, ಇವನ್ನು ರೋಗಿಯ ತೊಂದರೆಯ ಜೊತೆ ಹೊಂದಿಸಿ ನೋಡಬೇಕು ಅಂತ. ಮೊದಲು ಇಂಗ್ಲಿಷಿನಲ್ಲಿ ಬರೆದೆ. ಆಮೇಲೆ ಕನ್ನಡದಲ್ಲೂ ಟೈಪ್ ಮಾಡಿಸಿ ಅಂಟಿಸಿದೆ.

ಇಷ್ಟರಿಂದಲೇ ಎಲ್ಲ ಸರಿಹೋಯಿತು ಅಂತ ನಾನು ಹೇಳಲಾರೆ. ಅಮೆರಿಕದಲ್ಲಿ ಸುಮಾರು ಎರಡೂವರೆ ಲಕ್ಷ ರೋಗಿಗಳ ರಿಪೋರ್ಟಿನಲ್ಲಿ ಇಂಥದ್ದೇ ಸಾಲುಗಳನ್ನು ಸೇರಿಸಿ ನೋಡಿದ್ದಾರೆ. 2020ರಲ್ಲಿ ಫಲಿತಾಂಶ ಬಂತು. ಆಮೇಲಿನ ಒಂದು ವರ್ಷದಲ್ಲಿ ಬೆನ್ನಿಗೆ ಸಂಬಂಧಿಸಿದ ಚಿಕಿತ್ಸೆ, ಪರೀಕ್ಷೆ ಯಾವುದೂ ಒಟ್ಟಾರೆ ಕಡಿಮೆ ಆಗಿರಲಿಲ್ಲ. ಅಫೀಮು ಜಾತಿಯ ನೋವಿನ ಮಾತ್ರೆ ಬರೆಯುವುದು ಮಾತ್ರ ತುಸು ಇಳಿದಿತ್ತು. ಅದನ್ನು ಓದಿದ ದಿನ ಬೇಜಾರಾಯಿತು. ಕಾಗದದ ಮೇಲಿನ ಸಾಲು ಸಾಲದು, ಮಾತಾಡಬೇಕು ಅಂತ ಅವತ್ತೇ ತೀರ್ಮಾನಿಸಿದೆ. ವಾರಕ್ಕೆ ಎರಡು ಮಧ್ಯಾಹ್ನ, ರಿಪೋರ್ಟ್ ತೆಗೆದುಕೊಳ್ಳಲು ಬರುವ ಬೆನ್ನು ನೋವಿನವರನ್ನು ಕೂರಿಸಿಕೊಂಡು ಸ್ಕ್ಯಾನಿನ ಚಿತ್ರ ತೋರಿಸಿ ವಿವರಿಸುತ್ತೇನೆ. ಒಬ್ಬರಿಗೆ ಐದು ನಿಮಿಷ ಸಾಕು.

ಮಾತು ಸ್ಕ್ಯಾನ್ ಆದಮೇಲೆ ಶುರುವಾದರೆ ತಡವಾಯಿತು ಅನ್ನೋದು ಕ್ಯಾಶುಯಲ್ಟಿಯಲ್ಲಿ, ಅಂದರೆ ತುರ್ತು ಚಿಕಿತ್ಸೆಯ ವಿಭಾಗದಲ್ಲಿ ಗೊತ್ತಾಯಿತು. ಸ್ಕ್ಯಾನ್ ಬೇಕು ಅಂತ ಡಾಕ್ಟರುಗಳು ಬರೆದು ಕಳಿಸುವ ರಿಕ್ವಿಸಿಷನ್ ಫಾರಂಗಳಲ್ಲಿ ರೋಗದ ವಿವರ ಅಂತ ಒಂದು ಜಾಗ ಇದೆ. ಅಲ್ಲಿ ಬಹಳ ಸಲ ಬರುವುದು "ಹೆಡ್ ಇಂಜುರಿ" (ತಲೆಗೆ ಪೆಟ್ಟು), "ಪೇಯ್ನ್ ಅಬ್ಡಾಮೆನ್" (ಹೊಟ್ಟೆನೋವು) ಅಂತ ಎರಡೇ ಪದ. ಬೈಕಿನಿಂದ ಬಿದ್ದವರಿಗೆಲ್ಲ ತಲೆಯ ಸಿಟಿ ಸ್ಕ್ಯಾನ್. ಎದ್ದು ಓಡಾಡುತ್ತಾ ಟೀ ಕುಡಿಯುವವರಿಗೂ ಸಿಟಿ. ಒಂದು ತಲೆ ಸಿಟಿಯ ವಿಕಿರಣ ಸುಮಾರು 2 ಮಿಲಿಸೀವರ್ಟ್. ನೆಲ, ಗಾಳಿ, ಆಕಾಶದಿಂದ ನಮಗೆಲ್ಲ ಒಂದು ವರ್ಷದಲ್ಲಿ ಬರುವುದು ಸರಾಸರಿ 2.4. ದೊಡ್ಡವರಿಗೆ ಒಂದು ಸಲಕ್ಕೆ ಅದು ದೊಡ್ಡ ವಿಷಯ ಅಲ್ಲ. ಆದರೆ ಹೊಟ್ಟೆಯ ಸಿಟಿ ಅದರ ಮೂರು ನಾಲ್ಕು ಪಟ್ಟು. ಮಕ್ಕಳ ಮೈಗೆ ಅಪಾಯ ಇನ್ನೂ ಜಾಸ್ತಿ.

ಕೆನಡಾದವರು 2001ರಲ್ಲಿ ಕೊಟ್ಟ ತಲೆ ಸಿಟಿ ನಿಯಮವನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಕ್ಯಾಶುಯಲ್ಟಿ ಗೋಡೆಗೆ ಹಾಕಿಸಿದೆ. ಪೆಟ್ಟಾದ ಮೇಲೆ ಪ್ರಜ್ಞೆ ತಪ್ಪಿದ್ದ, ಮರೆವು ಅಥವಾ ಗೊಂದಲ ಇದ್ದ ದೊಡ್ಡವರಿಗೆ ಅದು. ಎರಡು ಗಂಟೆ ಆದರೂ ಪೂರ್ತಿ ಎಚ್ಚರ ಬಂದಿಲ್ಲವಾ? ಎರಡು ಸಲವೋ ಹೆಚ್ಚೋ ವಾಂತಿ ಆಯಿತಾ? ವಯಸ್ಸು 65 ಅಥವಾ ಹೆಚ್ಚಾ? ಬುರುಡೆ ಮುರಿದ ಲಕ್ಷಣ ಇದೆಯಾ? ಹೀಗೆ ಕೆಲವು ಪ್ರಶ್ನೆ. ಇವುಗಳಲ್ಲಿ ಒಂದಾದರೂ ಇದ್ದರೆ ಸಿಟಿ. ಮಕ್ಕಳಿಗೆ ಬೇರೆ ನಿಯಮ. ಅದು 42 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ನೋಡಿ ಮಾಡಿದ್ದು, 2009ರಲ್ಲಿ ಬಂತು.

ಮೊದಲ ತಿಂಗಳು ಏನೂ ಬದಲಾಗಲಿಲ್ಲ. ನನಗೆ ಸಿಟ್ಟು ಬಂತು. ರಾತ್ರಿ ಡ್ಯೂಟಿಯ ಹುಡುಗನನ್ನು ಕರೆದು ಕೇಳಿದೆ. "ಮೇಡಂ, ನಾಳೆ ಏನಾದ್ರೂ ಆದ್ರೆ ಜನ ನನ್ನ ಕಾಲರ್ ಹಿಡೀತಾರೆ. ನಿಮ್ಮದಲ್ಲ" ಅಂದ. ಅವನು ಹೇಳಿದ್ದು ನಿಜ. ನಾವು ಏಸಿ ರೂಮಿನಲ್ಲಿ ಕೂತು ಫಾರಂ ವಾಪಸ್ ಕಳಿಸುತ್ತೇವೆ. ನಲವತ್ತು ಜನ ಸಂಬಂಧಿಕರ ಮುಂದೆ ನಿಲ್ಲುವವನು ಅವನು.

ಆಮೇಲೆ ಕ್ರಮ ಬದಲಿಸಿದೆವು. ಸ್ಕ್ಯಾನ್ ಬೇಡ ಅನಿಸಿದರೆ ನಮ್ಮ ವಿಭಾಗದ ಪಿಜಿ (ಸ್ನಾತಕೋತ್ತರ ವಿದ್ಯಾರ್ಥಿ) ಫೋನಿನಲ್ಲೇ ಬೇಡ ಅನ್ನುವಂತಿಲ್ಲ. ಎದ್ದು ಕ್ಯಾಶುಯಲ್ಟಿಗೆ ಹೋಗಬೇಕು, ರೋಗಿಯನ್ನು ನೋಡಬೇಕು. ಇಬ್ಬರೂ ಮಾತಾಡಿ ಕೇಸ್ ಶೀಟಿನಲ್ಲಿ ಕಾರಣ, ಸಮಯ ಬರೆದು ಇಬ್ಬರೂ ಸಹಿ ಹಾಕಬೇಕು. ರೋಗಿಯನ್ನು ಕೆಲವು ಗಂಟೆ ಅಲ್ಲೇ ಇಟ್ಟುಕೊಳ್ಳಬೇಕು. ಮನೆಗೆ ಕಳಿಸುವಾಗ ಯಾವ ಲಕ್ಷಣ ಕಂಡರೆ ಓಡಿ ಬರಬೇಕು ಅಂತ ಕನ್ನಡದ ಚೀಟಿ ಕೊಡಬೇಕು. ಅನುಮಾನ ಉಳಿದರೆ ಸ್ಕ್ಯಾನ್ ಮಾಡಿಬಿಡಬೇಕು, ವಾದ ಬೇಡ. ಎರಡನೇ ಸಹಿ ಬಿದ್ದ ಮೇಲೆ ಡ್ಯೂಟಿ ಡಾಕ್ಟರುಗಳ ಕೈ ಸ್ವಲ್ಪ ಸಡಿಲವಾಯಿತು. ಫಾರಂಗಳಲ್ಲಿ ವಿವರ ತಾನಾಗೇ ಉದ್ದವಾಯಿತು. ನನಗೆ ಹೆಚ್ಚು ಖುಷಿ ಕೊಟ್ಟಿದ್ದು ಅದೇ.

ನಡುವೆ ಕೋವಿಡ್ ಬಂದು ಎಲ್ಲ ತಲೆಕೆಳಗಾಯಿತು. 2021ರ ಏಪ್ರಿಲ್, ಮೇ ತಿಂಗಳಲ್ಲಿ ಎದೆಯ ಸಿಟಿ ನೋಡಿ ಶ್ವಾಸಕೋಶ ಎಷ್ಟು ಕೆಟ್ಟಿದೆ ಅಂತ ಅಂಕ ಕೊಡುತ್ತಿದ್ದೆವು, ಊರಿಗೆ ಊರೇ 25ಕ್ಕೆ ಎಷ್ಟು ಸ್ಕೋರ್ ಅಂತ ಕೇಳುತ್ತಿತ್ತು. ಸ್ಕ್ಯಾನ್ ಅಂದರೆ ಜನರಿಗೆ ಪರೀಕ್ಷೆಯ ಮಾರ್ಕ್ಸ್ ಇದ್ದ ಹಾಗೆ ಆಯಿತು. ಇವತ್ತೂ ಜ್ವರ ಬಂದರೆ "ಒಂದು ಎದೆ ಸಿಟಿ ಬರೆದುಕೊಡಿ" ಅನ್ನುವವರಿದ್ದಾರೆ.

ಈಗ ಪಾಠದ ವಿಷಯಕ್ಕೆ ಬರುತ್ತೇನೆ. ನಾನು ಪಿಜಿ ಮಾಡುವಾಗ ಒಂದು ತಲೆ ಸಿಟಿ ಅಂದರೆ ಒಂದೆರಡು ಫಿಲಂ, ಇಪ್ಪತ್ತು ಮೂವತ್ತು ಚಿತ್ರ. ವ್ಯೂ ಬಾಕ್ಸಿಗೆ ಸಿಕ್ಕಿಸಿದರೆ ನಾಲ್ಕು ಜನ ಹಿಂದೆ ನಿಲ್ಲುತ್ತಿದ್ದೆವು. ಸರ್ಜರಿಯವರು, ಮೆಡಿಸಿನ್‌ನವರು ಖುದ್ದು ಬಂದು ಕೇಳುತ್ತಿದ್ದರು. ಆ ಜಗಳಗಳಲ್ಲೇ ನಾವು ಕಲಿತದ್ದು. ಈಗ ಒಂದು ಹೊಟ್ಟೆ ಸಿಟಿಗೆ ನೂರಾರು ಚಿತ್ರ. ಸ್ಕ್ಯಾನುಗಳನ್ನು ಆಸ್ಪತ್ರೆಯ ಕಂಪ್ಯೂಟರುಗಳಲ್ಲಿ ತೋರಿಸುವ ಪ್ಯಾಕ್ಸ್ ವ್ಯವಸ್ಥೆ ಬಂದಮೇಲೆ ವಾರ್ಡಿನಲ್ಲೇ ಸ್ಕ್ಯಾನ್ ತೆರೆದುಕೊಳ್ಳುತ್ತದೆ, ಯಾರೂ ನಮ್ಮ ರೂಮಿಗೆ ಬರುವುದಿಲ್ಲ. ಪಿಜಿಗಳು ತಲೆ ತಗ್ಗಿಸಿ ರಿಪೋರ್ಟ್ ಮುಗಿಸುತ್ತಾರೆ. ಟೆಂಪ್ಲೇಟ್ ತೆರೆ, ಬದಲಿಸು, ಕಳಿಸು. ಪಿತ್ತಕೋಶ ತೆಗೆಸಿಕೊಂಡವರ ರಿಪೋರ್ಟಿನಲ್ಲಿ "ಪಿತ್ತಕೋಶ ನಾರ್ಮಲ್" ಅಂತ ಹೋದದ್ದನ್ನು ನಾನೇ ಹಿಡಿದಿದ್ದೇನೆ. ಅದನ್ನು ಬರೆದ ಪಿಜಿ ಹುಡುಗಿಯನ್ನು ಬೈದು ಪ್ರಯೋಜನ ಇಲ್ಲ, ಅವತ್ತು ಅವಳ ಮುಂದೆ ಇನ್ನೂ ಇಪ್ಪತ್ತು ಸ್ಕ್ಯಾನ್ ಕಾಯುತ್ತಿದ್ದವು. ಕಲಿಸಬೇಕಾದ ಯುವ ಡಾಕ್ಟರುಗಳೂ ನಿಲ್ಲುವುದಿಲ್ಲ. ಹೊರಗಿನ ಸ್ಕ್ಯಾನ್ ಸೆಂಟರುಗಳು ಕೊಡುವ ಸಂಬಳ ನಮ್ಮಲ್ಲಿಲ್ಲ. ಈಗ ಮನೆಯಲ್ಲೇ ಕೂತು ರಿಪೋರ್ಟ್ ಕೊಟ್ಟು ದುಡಿಯಬಹುದು. ಹೋದವರನ್ನು ನಾನು ತಪ್ಪು ಅನ್ನುವುದಿಲ್ಲ. ಇರುವವರ ಹೆಗಲ ಮೇಲೆ ಭಾರ ಮಾತ್ರ ಬೀಳುತ್ತದೆ.

ನಾನು ಮಾಡಿದ್ದು ಸಣ್ಣ ಕೆಲಸ. ಒಂದು ದಪ್ಪ ರೂಲ್ಡ್ ನೋಟ್‌ಬುಕ್ ತಂದಿಟ್ಟೆ. ಪ್ರತಿ ಪಿಜಿ ವಾರಕ್ಕೆ ಎರಡು ಕೇಸ್ ಬರೆಯಬೇಕು. ಎಡಗಡೆ ನಾವು ಏನು ಅಂದೆವು, ಬಲಗಡೆ ಕೊನೆಗೆ ಏನಾಯಿತು. ಬಲಗಡೆ ತುಂಬಿಸಲು ಅವರು ಓಟಿಗೋ, ಪೆಥಾಲಜಿಗೋ, ವಾರ್ಡಿಗೋ ನಡೆದುಕೊಂಡೇ ಹೋಗಬೇಕು. ಗುರುವಾರ ಬೆಳಗ್ಗೆ ಎಂಟಕ್ಕೆ ಕೂತು ಅದನ್ನು ಓದುತ್ತೇವೆ. ಆ ಒಂದು ಗಂಟೆ ರಿಪೋರ್ಟಿಂಗ್ ಇಲ್ಲ, ಎಮರ್ಜೆನ್ಸಿ ಬಿಟ್ಟು.

ಪುಸ್ತಕದ ಮೊದಲ ಪುಟ ನನ್ನದೇ. ಮಧ್ಯವಯಸ್ಸಿನ ಒಬ್ಬರಿಗೆ ಸಣ್ಣ ಕರುಳು ದೊಡ್ಡ ಕರುಳು ಸೇರುವ ಕಡೆ ಗೋಡೆ ದಪ್ಪ ಆಗಿತ್ತು, ಸುತ್ತ ಗಂಟುಗಳಿದ್ದವು. ನಾನು ಕ್ಯಾನ್ಸರ್ ಕಡೆ ವಾಲಿ ಬರೆದೆ. ಬಯಾಪ್ಸಿಯಲ್ಲಿ ಕ್ಷಯ ಬಂತು. ಕ್ಷಯ ಬಹಳ ಇಷ್ಟಪಡುವ ಜಾಗ ಅದು, ನಮ್ಮ ದೇಶದಲ್ಲಿ ಅದನ್ನು ಮೊದಲು ನೆನೆಯಬೇಕಿತ್ತು. ಆರು ತಿಂಗಳ ಮಾತ್ರೆಯಲ್ಲಿ ಅವರು ಗುಣವಾದರು. ಆದರೆ ಬಯಾಪ್ಸಿ ಫಲಿತಾಂಶ ಬರುವವರೆಗಿನ ಹತ್ತು ದಿನ ಅವರ ಮನೆಯವರು ಹೇಗಿದ್ದಿರಬೇಕು ಅಂತ ಬರೆದಿಟ್ಟಿದ್ದೇನೆ. ನಾನು ಮೊದಲು ಬರೆದೆ ಅಂತ ಉಳಿದವರೂ ಬರೆದರು.

2016ರಲ್ಲಿ ಯಂತ್ರಬುದ್ಧಿಯ (ಎಐ) ಹೆಸರಾಂತ ವಿಜ್ಞಾನಿ ಜೆಫ್ರಿ ಹಿಂಟನ್ ಅವರು ಇನ್ನು ರೇಡಿಯಾಲಜಿಸ್ಟ್‌ಗಳಿಗೆ ತರಬೇತಿ ಕೊಡುವುದನ್ನು ನಿಲ್ಲಿಸಬಹುದು ಅಂದಿದ್ದರು. ಆಗ ನಮ್ಮ ಪಿಜಿಗಳು ಹೆದರಿ ನನ್ನ ಹತ್ತಿರ ಬಂದಿದ್ದರು. ಈಗಲೂ ನೀಟ್ ಪಿಜಿ ಕೌನ್ಸೆಲಿಂಗ್‌ನಲ್ಲಿ ಬೇಗ ಮುಗಿಯುವ ಸೀಟುಗಳಲ್ಲಿ ರೇಡಿಯಾಲಜಿ ಇದೆ. ಯಂತ್ರಬುದ್ಧಿಯ ಸಾಫ್ಟ್‌ವೇರ್ ಬಗ್ಗೆ ನನಗೆ ಹಗೆ ಇಲ್ಲ. ಎದೆ ಎಕ್ಸ್‌ರೇಯಲ್ಲಿ ಕ್ಷಯ ಹುಡುಕಲು, 15 ವರ್ಷ ದಾಟಿದವರಿಗೆ ಅದನ್ನು ಬಳಸಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಹೇಳಿದೆ. ಡಾಕ್ಟರೇ ಇಲ್ಲದ ಊರಿಗೆ ಅದು ವರ. ಕಲಿಯುವವರಿಗೆ ಮಾತ್ರ ನಾನೊಂದು ನಿಯಮ ಇಟ್ಟಿದ್ದೇನೆ. ಮೊದಲು ನೀನು ನೋಡು, ಕೈಯಲ್ಲಿ ಬರೆ, ಆಮೇಲೆ ಸಾಫ್ಟ್‌ವೇರ್ ತೆರೆ. ಮೊದಲೇ ಉತ್ತರ ಕಂಡರೆ ಕಣ್ಣು ಬೇರೆ ಕಡೆ ಹುಡುಕುವುದೇ ಇಲ್ಲ. ಎರಡೂ ಬೇರೆ ಬಂದ ಕೇಸ್ ನೋಟ್‌ಬುಕ್ಕಿಗೆ ಹೋಗುತ್ತದೆ.

ಈ ತಿಂಗಳು ಹೊಸ ಬ್ಯಾಚ್ ಬಂದಿದೆ. ಕ್ಯಾಶುಯಲ್ಟಿಯಲ್ಲೂ ಎಲ್ಲ ಹೊಸ ಮುಖ, ಫಾರಂಗಳಲ್ಲಿ ಮತ್ತೆ ಎರಡೇ ಪದ. ನಿನ್ನೆ ಸಂಜೆ ಹೊಸ ಹುಡುಗಿಯೊಬ್ಬಳನ್ನು ಕರೆದುಕೊಂಡು ಅಲ್ಲಿಗೆ ನಡೆದು ಹೋದೆ. ಗೋಡೆಯ ಮೇಲಿನ ನಿಯಮದ ಹಾಳೆ ಹರಿದಿತ್ತು. ಹೊಸದು ಬರೆಸಲು ಕೊಟ್ಟು ಬಂದಿದ್ದೇನೆ.