ಪಾಯಿಂಟ್ ಮಷಿನ್‌ನ ಕರೆಂಟ್ ಗೆರೆ ಓದಲು ನನಗೆ ಕಲಿಸಿದ್ದು ಟ್ರ್ಯಾಕ್‌ನವರು

ನಾನು ಸಿಗ್ನಲ್ ವಿಭಾಗದವನು. 14 ವರ್ಷದಿಂದ ಇದೇ ಕೆಲಸ. ಅದರಲ್ಲಿ ಹೆಚ್ಚಿನ ಸಮಯ ಪಾಯಿಂಟ್‌ಗಳ ಹತ್ತಿರವೇ ಕಳೆದಿದೆ.

ಪಾಯಿಂಟ್ ಅಂದರೆ ರೈಲು ಒಂದು ದಾರಿಯಿಂದ ಇನ್ನೊಂದಕ್ಕೆ ತಿರುಗುವ ಜಾಗ. ಅಲ್ಲಿ ತುದಿ ಚೂಪಾದ ಎರಡು ಹಳಿಗಳಿರುತ್ತವೆ, ಅವನ್ನು ಟಂಗ್ ರೈಲು ಅಂತೀವಿ. ಮಷಿನ್ ಅವನ್ನು ಆ ಕಡೆ ಈ ಕಡೆ ಎಳೆಯುತ್ತದೆ, ಪಕ್ಕದ ಹಳಿಗೆ ಸರಿಯಾಗಿ ಅಂಟಿ ಕೂತ ಮೇಲೆ ಲಾಕ್ ಮಾಡುತ್ತದೆ, ಲಾಕ್ ಆಗಿದೆ ಅಂತ ಡಿಟೆಕ್ಷನ್ ಸರ್ಕ್ಯೂಟ್ ಹೇಳಿದ ಮೇಲಷ್ಟೇ ಸಿಗ್ನಲ್ ಬಿಡುತ್ತದೆ. ಇಡೀ ಹಳಿಯಲ್ಲಿ ಹೀಗೆ ಅಲ್ಲಾಡುವ ಭಾಗ ಇದೊಂದೇ, ಹಾಗಾಗಿ ತೊಂದರೆಯೂ ಇಲ್ಲೇ ಜಾಸ್ತಿ.

ಇನ್ನೊಂದು ಕಷ್ಟ ಇದೆ. ಮಷಿನ್, ರಾಡ್, ವೈರು ಎಲ್ಲ ಸಿಗ್ನಲ್‌ನವರದು. ಹಳಿ, ಸ್ಲೀಪರ್, ಜಲ್ಲಿ ಟ್ರ್ಯಾಕ್‌ನವರದು. ಪಾಯಿಂಟ್ ಕೆಟ್ಟಿತು ಅಂದರೆ ಮೊದಲು ಶುರುವಾಗುವುದು ರಿಪೇರಿ ಅಲ್ಲ, ತಪ್ಪು ಯಾರದು ಅನ್ನುವ ಜಗಳ. ನಾವು 'ಪ್ಯಾಕಿಂಗ್ ಸರಿ ಇಲ್ಲ' (ಸ್ಲೀಪರ್ ಕೆಳಗೆ ಜಲ್ಲಿ ಬಿಗಿಯಾಗಿ ತುಂಬಿಲ್ಲ) ಅಂತೀವಿ, ಅವರು 'ನಿಮ್ಮ ಅಡ್ಜಸ್ಟ್‌ಮೆಂಟ್ ಸರಿ ಇಲ್ಲ' ಅಂತಾರೆ. ರಾತ್ರಿ ಎರಡು ಗಂಟೆಗೆ ಮಳೆಯಲ್ಲಿ ನಿಂತು ಈ ಮಾತು ನಾನೂ ಎಷ್ಟೋ ಸಲ ಆಡಿದ್ದೇನೆ. ಅಷ್ಟರಲ್ಲಿ ಹಿಂದೆ ನಾಲ್ಕು ಗಾಡಿ ನಿಂತಿರುತ್ತವೆ.

ಇದು ಬರೀ ಗಾಡಿ ತಡವಾಗುವ ವಿಷಯ ಅಲ್ಲ. ಬ್ರಿಟನ್‌ನ ಪಾಟರ್ಸ್ ಬಾರ್‌ನಲ್ಲಿ 2002ರ ಮೇ 10ರಂದು ರೈಲಿನ ಕೆಳಗೇ ಪಾಯಿಂಟ್ ಸರಿಯಿತು, 7 ಜನ ಸತ್ತರು. ಟಂಗ್ ರೈಲುಗಳ ಅಂತರ ಕಾಯುವ ಸ್ಟ್ರೆಚರ್ ಬಾರ್‌ಗಳ ನಟ್ ಸಡಿಲವಾಗಿದ್ದವು. ಐದು ವರ್ಷವೂ ಕಳೆದಿರಲಿಲ್ಲ, 2007ರ ಫೆಬ್ರವರಿ 23ರಂದು ಅದೇ ದೇಶದ ಗ್ರೇರಿಗ್ ಹತ್ತಿರ ಗಂಟೆಗೆ ಸುಮಾರು 150 ಕಿ.ಮೀ. ವೇಗದಲ್ಲಿದ್ದ ರೈಲು ಹಳಿ ತಪ್ಪಿತು. ಒಬ್ಬ ಪ್ರಯಾಣಿಕರು ಸತ್ತರು. ಅಲ್ಲೂ ಕೈಕೊಟ್ಟದ್ದು ಸ್ಟ್ರೆಚರ್ ಬಾರ್‌ಗಳೇ. ಅದನ್ನು ಕಣ್ಣಾರೆ ನೋಡಬೇಕಿದ್ದ ತಪಾಸಣೆ 5 ದಿನ ಮುಂಚೆ ಆಗಬೇಕಿತ್ತು, ಆಗಲಿಲ್ಲ. ಈ ಎರಡು ಘಟನೆ ಓದಿದ ಮೇಲೆ ಪಾಯಿಂಟ್ ಹತ್ತಿರ ನಾನು ನಿಲ್ಲುವ ರೀತಿಯೇ ಬದಲಾಯಿತು.

ನಾನು ಮಾಡಿದ್ದು ದೊಡ್ಡ ಆವಿಷ್ಕಾರ ಅಲ್ಲ. ಮಷಿನ್‌ನ ಮೋಟರ್ ಎಳೆಯುವ ಕರೆಂಟನ್ನು ಅಳೆದು ಗೆರೆ ಬರೆಸುವುದು ಅಷ್ಟೇ. ಇದು ಬೇರೆ ಕಡೆ ಮೊದಲೇ ಇತ್ತು. ಆ ಗೆರೆಗೆ ಒಂದು ಆಕಾರ ಇರುತ್ತದೆ. ಮೋಟರ್ ಶುರುವಾದಾಗ ಒಂದು ಎತ್ತರದ ಮೊನೆ, ಆಮೇಲೆ ಇಳಿದು ಟಂಗ್ ರೈಲು ಜಾರುವಷ್ಟು ಹೊತ್ತು ಸಮತಟ್ಟು, ಕೊನೆಗೆ ಲಾಕ್ ಆಗುವಾಗ ಸಣ್ಣ ಏರು, ಆಮೇಲೆ ಸೊನ್ನೆ. ಎಲ್ಲ ಸೇರಿ ಕೆಲವೇ ಸೆಕೆಂಡು. ಸಮತಟ್ಟಾದ ಭಾಗವೆಲ್ಲ ಮೇಲೆದ್ದಿದ್ದರೆ ಟಂಗ್ ರೈಲು ಜಾರುವ ತಟ್ಟೆ, ಅಂದರೆ ಸ್ಲೈಡ್ ಚೇರ್, ಒಣಗಿದೆ, ಉಜ್ಜಾಟ ಜಾಸ್ತಿ ಇದೆ ಅಂತ. ಕೊನೆಯ ಏರು ದೊಡ್ಡದಾಗಿದ್ದರೆ ಅಡ್ಜಸ್ಟ್‌ಮೆಂಟ್ ಬಿಗಿಯಾಗಿದೆ. ಕೊನೆಯಲ್ಲಿ ಗೆರೆ ಮೇಲಕ್ಕೆ ಹೋಗಿ ಅಲ್ಲೇ ನಿಂತುಬಿಟ್ಟರೆ ಏನೋ ಅಡ್ಡ ಸಿಕ್ಕಿದೆ, ಕ್ಲಚ್ ಜಾರುತ್ತಿದೆ.

ಸೆನ್ಸರ್ ಹೇಗೆ ಹಾಕುವುದು ಅನ್ನುವುದರಲ್ಲೇ ನನಗೆ ನಾಲ್ಕು ತಿಂಗಳು ಹೋಯಿತು. ಅದು ಸರಿ ಅಂತಲೇ ಈಗಲೂ ಹೇಳುತ್ತೇನೆ. ಸಿಗ್ನಲ್ ಸರ್ಕ್ಯೂಟ್‌ನ ಮೂಲ ನಿಯಮ ಒಂದೇ, ಏನು ಕೆಟ್ಟರೂ ಕೆಂಪಿನ ಕಡೆಗೇ ಕೆಡಬೇಕು. 1872ರಲ್ಲಿ ಅಮೆರಿಕದ ವಿಲಿಯಂ ರಾಬಿನ್ಸನ್ ಟ್ರ್ಯಾಕ್ ಸರ್ಕ್ಯೂಟ್ (ಹಳಿಯಲ್ಲೇ ಕರೆಂಟ್ ಹರಿಸಿ ಅಲ್ಲಿ ಗಾಡಿ ಇದೆಯೇ ಅಂತ ತಿಳಿಯುವ ಏರ್ಪಾಡು) ಮಾಡಿದಾಗಲೂ ಇದೇ ಯೋಚನೆ: ಹಳಿ ತುಂಡಾದರೂ ವೈರು ಕಿತ್ತರೂ ಬ್ಯಾಟರಿ ಸತ್ತರೂ ರಿಲೇ (ಕರೆಂಟ್ ಇದ್ದಷ್ಟು ಹೊತ್ತು ಮಾತ್ರ ಎದ್ದು ನಿಲ್ಲುವ ಸ್ವಿಚ್) ಬೀಳುತ್ತದೆ, 'ಇಲ್ಲಿ ಗಾಡಿ ಇದೆ' ಅಂತಲೇ ತೋರಿಸುತ್ತದೆ. ಇಂಥ ಸರ್ಕ್ಯೂಟ್‌ನೊಳಗೆ ನನ್ನ ಹೊಸ ಡಬ್ಬಿ ಕೈ ಹಾಕಬಾರದು. ಹಾಗಾಗಿ ವೈರನ್ನು ಕತ್ತರಿಸದೆ, ಅದರ ಸುತ್ತ ಉಂಗುರದ ಹಾಗೆ ಕೂರುವ ಸೆನ್ಸರ್ ಆರಿಸಿಕೊಂಡೆವು. ಡಬ್ಬಿ ಸುಟ್ಟುಹೋದರೂ ಪಾಯಿಂಟ್‌ಗೆ ಗೊತ್ತೇ ಆಗಬಾರದು. ಡಬ್ಬಿ 'ಎಲ್ಲ ಚೆನ್ನಾಗಿದೆ' ಅಂದರೂ ಸಿಗ್ನಲ್‌ಗೆ ಅದರ ಮಾತು ತಲುಪಬಾರದು. ಹೊಸದನ್ನು ತರುವ ಆತುರದಲ್ಲಿ ಇದನ್ನು ಮರೆಯುವವರನ್ನು ನೋಡಿದಾಗ ನನಗೆ ಭಯವಾಗುತ್ತದೆ.

ಮೊದಲ ತಿಂಗಳು ಪೂರ್ತಿ ಹಾಳು. ಎಲ್ಲ ಪಾಯಿಂಟ್‌ಗೂ ಒಂದೇ ಮಿತಿ ಇಟ್ಟಿದ್ದೆ. ಕರೆಂಟ್ ಅದನ್ನು ದಾಟಿದರೆ ಅಲಾರಂ. ಒಂದೇ ವಾರದಲ್ಲಿ 40ಕ್ಕಿಂತ ಜಾಸ್ತಿ ಅಲಾರಂ ಬಂದವು. ಹೋಗಿ ನೋಡಿದರೆ ಏನೂ ಇಲ್ಲ. ಮೂರನೇ ವಾರಕ್ಕೆ ಯಾರೂ ಅಲಾರಂ ನೋಡುವುದನ್ನೇ ಬಿಟ್ಟರು, ಅದು ಅಲಾರಂ ಇಲ್ಲದೇ ಇರುವುದಕ್ಕಿಂತ ಅಪಾಯ. ಆಮೇಲೆ ತಿಳಿಯಿತು, ಪ್ರತಿ ಪಾಯಿಂಟನ್ನೂ ಅದರದೇ ಹಳೆಯ ಗೆರೆಯ ಜೊತೆ ಹೋಲಿಸಬೇಕು. ಪಾಯಿಂಟ್ ಸಾಮಾನ್ಯವಾಗಿ ಇರುವ ನಾರ್ಮಲ್ ಕಡೆಗೆ ಬೇರೆ, ತಿರುಗಿಸಿದಾಗಿನ ರಿವರ್ಸ್ ಕಡೆಗೆ ಬೇರೆ. ಹಳಿಯ ಬಿಸಿಯನ್ನೂ ಪಕ್ಕದಲ್ಲೇ ಬರೆದುಕೊಳ್ಳಬೇಕು. ಉಕ್ಕಿನ 10 ಮೀಟರ್ ಉದ್ದದ ತುಂಡು 30 ಡಿಗ್ರಿ ಬಿಸಿಯಾದರೆ ಸುಮಾರು 3.5 ಮಿ.ಮೀ. ಬೆಳೆಯುತ್ತದೆ. ಟಂಗ್ ರೈಲಿನ ತುದಿ ಬಿಡಿಯಾಗಿರುತ್ತದೆ ಅಲ್ವಾ, ಹಾಗಾಗಿ ಆ ಬೆಳವಣಿಗೆಯೆಲ್ಲ ತುದಿಯಲ್ಲೇ ಕಾಣುತ್ತದೆ. ಬೆಳಗಿನ ಜಾವ ಸಲೀಸಾಗಿ ಕೂತ ಲಾಕ್ ಮಧ್ಯಾಹ್ನ ಉಜ್ಜಿಕೊಂಡು ಕೂರುತ್ತದೆ.

ಇಷ್ಟಾದರೂ ಒಂದು ಪಾಯಿಂಟ್ ನನ್ನನ್ನು ಬಿಡಲಿಲ್ಲ. ಸಮತಟ್ಟಾದ ಭಾಗದ ಮಧ್ಯದಲ್ಲಿ ಒಂದು ಗೂನು. ಒಂದು ದಿನ ಇರುತ್ತದೆ, ಇನ್ನೊಂದು ದಿನ ಇಲ್ಲ. ನಾನು ಮೂರು ಸಲ ಹೋಗಿ ಎಣ್ಣೆ ಹಾಕಿ, ರಾಡ್ ಸರಿಮಾಡಿ ಬಂದೆ. ಪ್ರತಿ ಸಲ ಎರಡು ದಿನ ಸರಿ ಇತ್ತು, ಆಮೇಲೆ ಅದೇ ಕಥೆ.

ಕೊನೆಗೆ ಆ ಗೆರೆಯನ್ನು ಕಾಗದದ ಮೇಲೆ ಪ್ರಿಂಟ್ ಮಾಡಿ ಟ್ರ್ಯಾಕ್ ಗ್ಯಾಂಗ್‌ನ ಮೇಸ್ತ್ರಿ ಹತ್ತಿರ ಹೋದೆ. ಅವರು ಕಂಪ್ಯೂಟರ್ ಮುಟ್ಟುವವರಲ್ಲ. ಗೆರೆ ಏನು ಅಂತ ಎರಡು ನಿಮಿಷ ಹೇಳಿದೆ. ಸ್ವಲ್ಪ ಹೊತ್ತು ನೋಡಿ, 'ಇದು ಗೂಡ್ಸ್ ಹೋದ ಮೇಲೆ ಬರುತ್ತಾ, ಮುಂಚೆನೂ ಇರುತ್ತಾ?' ಅಂತ ಕೇಳಿದರು. ನನಗೆ ಆ ಪ್ರಶ್ನೆಯೇ ಹೊಳೆದಿರಲಿಲ್ಲ. ಗಾಡಿಗಳ ಸಮಯದ ಜೊತೆ ಇಟ್ಟು ನೋಡಿದೆ. ಹೌದು, ಭಾರದ ಗೂಡ್ಸ್ ಹೋದ ಮೇಲಿನ ಮೊದಲ ಕೆಲವು ಎಳೆತದಲ್ಲೇ ಗೂನು ಜೋರಾಗಿತ್ತು.

ಮರುದಿನ ಇಬ್ಬರೂ ಹೋಗಿ ಸುರಕ್ಷಿತ ಅಂತರದಲ್ಲಿ, ಗಾಡಿ ಬರುವುದನ್ನು ನೋಡಿಕೊಳ್ಳಲು ಒಬ್ಬರನ್ನು ನಿಲ್ಲಿಸಿ, ಕಾದೆವು. ಗೂಡ್ಸ್ ಬಂತು. ಮೇಸ್ತ್ರಿ 'ಐದನೇ ಸ್ಲೀಪರ್ ನೋಡಿ' ಅಂದರು. ಪ್ರತಿ ಚಕ್ರಕ್ಕೂ ಅದು ಮುಳುಗಿ ಏಳುತ್ತಿತ್ತು, ಸುತ್ತ ಜಲ್ಲಿಯ ಮೇಲೆ ಕೆಸರು ಉಗಿದಿತ್ತು. ಕೆಳಗೆ ಟೊಳ್ಳಾಗಿದೆ. ಸ್ಲೀಪರ್ ಒಂದೇ ಮಟ್ಟದಲ್ಲಿ ಇಲ್ಲದಿದ್ದರೆ ಅದರ ಮೇಲಿನ ಸ್ಲೈಡ್ ಚೇರ್ ಕೂಡ ಇರುವುದಿಲ್ಲ, ಟಂಗ್ ರೈಲಿನ ಭಾರ ಎಲ್ಲ ಒಂದೆರಡು ಚೇರ್ ಮೇಲೇ ಬೀಳುತ್ತದೆ, ಮಷಿನ್ ಅಲ್ಲಿ ಒದ್ದಾಡುತ್ತದೆ. ನಾನು ಹಾಕಿದ ಎಣ್ಣೆ ಅದನ್ನು ಎರಡು ದಿನ ಮುಚ್ಚಿಡುತ್ತಿತ್ತು, ಅಷ್ಟೇ. ಬ್ಲಾಕ್ (ಕೆಲಸಕ್ಕಾಗಿ ಗಾಡಿ ಓಡಾಟ ನಿಲ್ಲಿಸಿಕೊಡುವ ಸಮಯ) ತಗೊಂಡು ಗ್ಯಾಂಗ್‌ನವರು ಆ ಜಾಗ ಪ್ಯಾಕಿಂಗ್ ಮಾಡಿದರು, ನೀರು ಹರಿದುಹೋಗಲು ದಾರಿ ಮಾಡಿದರು, ನಾವು ಅದೇ ಬ್ಲಾಕ್‌ನಲ್ಲಿ ಲಾಕ್ ಮತ್ತೆ ಸರಿಹೊಂದಿಸಿದೆವು. ಗೂನು ಹೋಯಿತು, ಮತ್ತೆ ಬರಲಿಲ್ಲ.

ಅಂದಿನಿಂದ ವಾರಕ್ಕೊಮ್ಮೆ ಕೂಡುತ್ತೇವೆ. ಸಿಗ್ನಲ್‌ನವರು, ಟ್ರ್ಯಾಕ್‌ನವರು, ಗಾಡಿಗಳ ಓಡಾಟ ನೋಡಿಕೊಳ್ಳುವ ಕಂಟ್ರೋಲ್‌ನಿಂದ ಒಬ್ಬರು. ಕಂಟ್ರೋಲ್‌ನವರು ಬೇಕೇ ಬೇಕು, ಯಾಕಂದರೆ ಬ್ಲಾಕ್ ಕೊಡುವವರು ಅವರು. ಮೊದಲು ಅವರ ಹತ್ತಿರ ಬೇರೆ ಬೇರೆ ದಿನ ಹೋಗಿ ಬೇಡುತ್ತಿದ್ದೆವು, ಈಗ ಗೆರೆ ತೋರಿಸಿ ಒಂದೇ ಬ್ಲಾಕ್ ಕೇಳುತ್ತೇವೆ. ಕೆಟ್ಟುಹೋದ ಮೇಲೆ ನಿಲ್ಲಿಸುವುದಕ್ಕಿಂತ ಇದು ಅವರಿಗೂ ಒಳ್ಳೆಯದು.

ಒಂದು ತಪ್ಪು ಕಲ್ಪನೆ ಮಾತ್ರ ಬೇಡ. ಸಡಿಲ ನಟ್ಟನ್ನೂ ಈ ಗೆರೆ ಹಿಡಿದುಕೊಡುತ್ತದೆ ಅಂತ ನಂಬಬೇಡಿ. ಅದಕ್ಕೆ ಕಣ್ಣು ಬೇಕು, ಸ್ಪ್ಯಾನರ್ ಬೇಕು, ನಡೆದು ಹೋಗುವ ಕಾಲು ಬೇಕು. ಗೆರೆ ಚೆನ್ನಾಗಿದೆ ಅಂತ ತಪಾಸಣೆ ಕಡಿಮೆ ಮಾಡೋಣ ಅನ್ನುವ ಸಲಹೆ ನಮ್ಮಲ್ಲೂ ಬಂತು. ನಾನು ಒಪ್ಪಲಿಲ್ಲ, ಗ್ರೇರಿಗ್ ವಿಷಯ ಹೇಳಿದೆ.

ಇನ್ನೊಂದು ಘಟನೆ ಬರೆಯಲೇಬೇಕು. ಒಂದು ರಾತ್ರಿ ಬ್ಲಾಕ್ ಮುಗಿಯಲು ಹತ್ತು ನಿಮಿಷ ಇತ್ತು. ಸತತ ಐದನೇ ರಾತ್ರಿ ಕೆಲಸ. ನಾನೇ ಅಡ್ಜಸ್ಟ್ ಮಾಡಿ, ಪಾಯಿಂಟ್ ಎರಡು ಸಲ ತಿರುಗಿಸಿ, ಗೆರೆ ನೋಡಿದೆ. ತುಂಬಾ ಚೆನ್ನಾಗಿತ್ತು. 'ಆಯ್ತು, ಕೊಟ್ಟುಬಿಡೋಣ' ಅಂದೆ. ಜೊತೆಗಿದ್ದ ಹೊಸ ಹುಡುಗಿ, ಕೆಲಸಕ್ಕೆ ಸೇರಿ ಏಳು ತಿಂಗಳಷ್ಟೇ, 'ಸರ್, ಅಬ್‌ಸ್ಟ್ರಕ್ಷನ್ ಟೆಸ್ಟ್ ಆಗಿಲ್ಲ' ಅಂದಳು. ಟಂಗ್ ರೈಲಿಗೂ ಪಕ್ಕದ ಹಳಿಗೂ ನಡುವೆ 5 ಮಿ.ಮೀ. ದಪ್ಪದ ತುಂಡು ಇಟ್ಟು ತಿರುಗಿಸುವ ಪರೀಕ್ಷೆ ಅದು, ಆಗ ಲಾಕ್ ಆಗಲೇಬಾರದು. ಇಟ್ಟೆವು. ಲಾಕ್ ಆಯಿತು. ನನ್ನ ಕೈ ತಣ್ಣಗಾಯಿತು. ಬಿಟ್ಟಿದ್ದರೆ ಸಂದಿ ಇರುವ ಪಾಯಿಂಟ್‌ಗೆ ಹಸಿರು ಸಿಗುವ ಸಾಧ್ಯತೆ ಇತ್ತು. ಬ್ಲಾಕ್ ಇನ್ನೂ 25 ನಿಮಿಷ ಕೇಳಿ ಸರಿಮಾಡಿದೆವು.

ಬೆಳಿಗ್ಗೆ ಅದನ್ನು ನಾನೇ ಬರೆದುಕೊಟ್ಟೆ. ಏನೂ ಆಗಿಲ್ಲವಲ್ಲ, ಯಾಕೆ ಸುಮ್ನೆ ಅಂದವರೂ ಇದ್ದರು. 1988ರ ಡಿಸೆಂಬರ್ 12ರಂದು ಲಂಡನ್ನಿನ ಕ್ಲಾಪಮ್ ಜಂಕ್ಷನ್‌ನಲ್ಲಿ 35 ಜನ ಸತ್ತದ್ದು ಇಂಥದ್ದೇ ಒಂದು ಕಾರಣಕ್ಕೆ. ಹಳೆಯ ವೈರನ್ನು ಪೂರ್ತಿ ತೆಗೆಯದೆ ಬಿಟ್ಟಿದ್ದರು, ಅದು ಮತ್ತೆ ತಗುಲಿ ಸಿಗ್ನಲ್ ಕೆಂಪಾಗಬೇಕಾದ ಕಡೆ ಆಗಲಿಲ್ಲ. ಆ ಕೆಲಸ ಮಾಡಿದ ತಂತ್ರಜ್ಞನಿಗೆ 13 ವಾರದಲ್ಲಿ ಸಿಕ್ಕಿದ್ದು ಒಂದೇ ದಿನ ರಜೆ, ಅವನ ಕೆಲಸವನ್ನು ಇನ್ನೊಬ್ಬರು ಪರೀಕ್ಷಿಸಿರಲಿಲ್ಲ. ನನ್ನ ವರದಿಯ ಮೇಲೆ ಮೊದಲು ಬಂದ ಪ್ರಶ್ನೆ 'ಯಾರ ತಪ್ಪು' ಅಂತಲೇ. ಎರಡು ಸಭೆ ಆದ ಮೇಲೆ ಅದು 'ಐದನೇ ರಾತ್ರಿ ಇವರನ್ನು ಯಾಕೆ ಕಳಿಸಿದೆವು' ಅಂತ ಬದಲಾಯಿತು. ಈಗ ಅಡ್ಜಸ್ಟ್ ಮಾಡಿದವರು ಟೆಸ್ಟ್‌ಗೆ ಸಹಿ ಹಾಕುವಂತಿಲ್ಲ, ಇನ್ನೊಬ್ಬರೇ ಮಾಡಬೇಕು. ನಮ್ಮಲ್ಲಿ ಆ ಹುಡುಗಿಯೇ ಜಾಸ್ತಿ ಮಾಡುವುದು.

ಮೇಸ್ತ್ರಿ ಮುಂದಿನ ವರ್ಷ ನಿವೃತ್ತಿ. ಈಗ ಪ್ರತಿ ಶನಿವಾರ ಒಂದು ಗಂಟೆ ಅವರ ಜೊತೆ ಕೂತು ಹಳೆಯ ಗೆರೆಗಳಿಗೆ ಹೆಸರು ಬರೆಸಿಕೊಳ್ಳುತ್ತಿದ್ದೇನೆ. ಹೊಸ ಸಾಫ್ಟ್‌ವೇರ್‌ಗೆ ಕಲಿಸುವುದು ಇದೇ ಹೆಸರುಗಳಿಂದ. ನಾನು ಮೊದಲು 'ಟೈಪ್ 1, ಟೈಪ್ 2' ಅಂತ ಇಟ್ಟಿದ್ದೆ, ಅಳಿಸಿದೆ. ಈಗ ಪಟ್ಟಿಯಲ್ಲಿ ಇರುವುದು ಅವರ ಮಾತೇ: 'ಟೊಳ್ಳು ಸ್ಲೀಪರ್', 'ಒಣ ಚೇರ್', 'ಬಿಸಿಲಿಗೆ ಬೆಳೆದದ್ದು', 'ಕಲ್ಲು ಸಿಕ್ಕಿದೆ'. ಹೋದ ಶನಿವಾರಕ್ಕೆ 212 ಗೆರೆ ಆಗಿವೆ. ಆರು ಗೆರೆಯ ಮುಂದೆ ಅವರು 'ಹೋಗಿ ನೋಡಬೇಕು' ಅಂತ ಬರೆಸಿದ್ದಾರೆ, ಸೋಮವಾರ ಹೋಗುತ್ತಿದ್ದೇವೆ.