ಹಿಂದಕ್ಕೆ ವಾಲಿದ ಮರವನ್ನು ಪಿಕಪ್‌ನಿಂದ ಎಳೆದು ಬೀಳಿಸಿದ ನನ್ನ ಅನುಭವ

ಮನೆಯ ಕಡೆಗೆ ವಾಲಿದ್ದ, ಸುಮಾರು ಹದಿನೈದು ಮೀಟರ್ ಎತ್ತರದ ಆ ಮರವನ್ನು ವಾಲಿದ ದಿಕ್ಕಿಗೆ ವಿರುದ್ಧವಾಗಿ ಬೀಳಿಸಬೇಕಿತ್ತು. ನೋಡಲು ಬಂದವರೆಲ್ಲ ಕ್ರೇನ್ ಇಲ್ಲದೆ ಆಗದೆಂದೂ, ಪಿಕಪ್ ಕಟ್ಟಿದರೆ ಮರವೇ ಗಾಡಿಯನ್ನು ಎಳೆದುಕೊಳ್ಳುತ್ತದೆಂದೂ ಹೇಳಿ ಹೋಗಿದ್ದರು. ಕೊನೆಗೆ ಅದು, ಬೀಳಬೇಕಾದ ಜಾಗದ ಗುರುತಿಗೆಂದು ನಾನು ನೆಟ್ಟಿದ್ದ ಗೂಟಕ್ಕೆ ಒಂದೆರಡು ಅಡಿ ಪಕ್ಕದಲ್ಲಿ ಬಂದು ಬಿದ್ದಿತು.

ಆ ಅನುಮಾನಕ್ಕೆ ಕಾರಣವಿರಲಿಲ್ಲವೆಂದಲ್ಲ. ಆಳೆತ್ತರದಲ್ಲಿ ನೈಲಾನ್ ಹಗ್ಗ ಬಿಗಿದು ಎಳೆಯುವ ವಾಡಿಕೆಯ ಕ್ರಮವನ್ನು ಮೊದಲು ನೋಡಿದ್ದಾಯಿತು. ಹಗ್ಗ ರಬ್ಬರಿನಂತೆ ಹಿಗ್ಗಿತು, ಹಿಂದಿನ ಚಕ್ರಗಳು ನಿಂತಲ್ಲೇ ಸುತ್ತಿ ಹುಲ್ಲನ್ನು ಕಿತ್ತವು, ಮರ ಅಲುಗಲಿಲ್ಲ. ಎರಡು ಟನ್ ತೂಗುವ ಗಾಡಿ ನಾಲ್ಕು ಚಕ್ರಗಳಿಂದ ಎಳೆದರೂ ಒದ್ದೆ ಹುಲ್ಲಿನ ಮೇಲೆ ಅದರಿಂದ ಸಿಗುವ ಸೆಳೆತ ತನ್ನ ತೂಕದ ಅರ್ಧದಷ್ಟೂ ಇರುವುದಿಲ್ಲ. ಹಾಗಿರುವಾಗ ಇಂಜಿನ್ನಿನ ಶಕ್ತಿಯನ್ನು ಲೆಕ್ಕ ಹಾಕಿ ಪ್ರಯೋಜನವಿಲ್ಲ. ಹಿಂಬದಿಗೆ ಮರಳಿನ ಚೀಲ ಹೇರಿ, ನೆಲ ಒಣಗುವವರೆಗೆ ಕಾದು, ಲೋ ಗೇರಿನಲ್ಲಿ ಎಳೆದಾಗ ವ್ಯತ್ಯಾಸ ಕಂಡಿತು. ಆದರೂ ನಿಜವಾದ ಲಾಭ ಬಂದದ್ದು ಹಗ್ಗವನ್ನು ಮೇಲಕ್ಕೆ ಏರಿಸಿದ್ದರಿಂದ.

ಎರಡು ಮೀಟರ್ ಎತ್ತರದಲ್ಲಿದ್ದ ಹಗ್ಗವನ್ನು ಹತ್ತು ಮೀಟರಿಗೆ ಒಯ್ದರೆ ಅದೇ ಎಳೆತ ಬುಡದ ಮೇಲೆ ಹೆಚ್ಚುಕಡಿಮೆ ಐದು ಪಟ್ಟು ಕೆಲಸ ಮಾಡುತ್ತದೆ. ಮರ ಹತ್ತದೆ, ತೂಕದ ಚೀಲ ಕಟ್ಟಿದ ತೆಳು ದಾರವನ್ನು ಕವಲಿನ ಮೇಲಿಂದ ಎಸೆದು, ಅದರ ಬೆನ್ನಿಗೆ ದಪ್ಪ ಹಗ್ಗವನ್ನು ಎಳೆದುಕೊಂಡೆ. ಹಿಗ್ಗುವ ಹಗ್ಗ ತುಂಡಾದರೆ ಬಾರುಕೋಲಿನಂತೆ ಬೀಸುವುದರಿಂದ ಈ ಕೆಲಸಕ್ಕೆ ಕಡಿಮೆ ಹಿಗ್ಗುವ ಪಾಲಿಯೆಸ್ಟರ್ ಹಗ್ಗವೇ ಆಗಬೇಕು. ಗಂಟು ಹಾಕಿದ ಕಡೆ ಹಗ್ಗದ ಬಲ ಸುಮಾರು ಮೂರನೇ ಒಂದು ಭಾಗ ಇಳಿಯುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದೇ ದಪ್ಪವನ್ನು ಆರಿಸಿದೆ. ಗಾಡಿಯ ಕಡೆಯ ತುದಿಯನ್ನು ಬಂಪರಿಗಾಗಲಿ ಟ್ರೇಲರ್ ಸಿಕ್ಕಿಸುವ ಗುಂಡಿಗಾಗಲಿ ಕಟ್ಟದೆ, ಚಾಸಿಯ (ಗಾಡಿಯ ಕಬ್ಬಿಣದ ಚೌಕಟ್ಟಿನ) ಕೊಕ್ಕೆಗೆ ಶ್ಯಾಕಲ್ ಎಂಬ, ಅಡ್ಡ ಮೊಳೆಯಿರುವ ಲೋಹದ ಬಳೆಯಿಂದ ಸೇರಿಸಿದೆ. ಕೆಲಸ ಮುಗಿದ ಮೇಲೆ ಹಗ್ಗವನ್ನು ಮರದಡಿಯಿಂದ ಕತ್ತರಿಸದೆ ಬಿಡಿಸಿಕೊಳ್ಳಲು ನನ್ನದೊಂದು ಕುಣಿಕೆಯ ಕ್ರಮವಿದೆ. ಅದು ನನ್ನಲ್ಲೇ ಇರಲಿ.

ಗಾಡಿಯನ್ನು ಬೀಳುವ ದಾರಿಯಲ್ಲಿ ನಿಲ್ಲಿಸುವುದಾದರೆ ಮರದ ಎತ್ತರದ ಎರಡರಷ್ಟು ದೂರವಾದರೂ ಬೇಕು. ನನಗೆ ಅಷ್ಟು ಜಾಗವಿರಲಿಲ್ಲವಾದ್ದರಿಂದ ಎದುರಿನ ಗಟ್ಟಿ ಮರವೊಂದರ ಬುಡಕ್ಕೆ ಕಪ್ಪಿ ಕಟ್ಟಿ, ಹಗ್ಗವನ್ನು ಪಕ್ಕಕ್ಕೆ ತಿರುಗಿಸಿ, ಪಿಕಪ್ಪನ್ನು ಬೀಳುವ ದಾರಿಯಿಂದ ಪೂರ್ತಿ ಹೊರಗಿಟ್ಟೆ. ಲಂಬ ಕೋನದಲ್ಲಿ ತಿರುಗುವ ಹಗ್ಗ ಕಪ್ಪಿಯ ಮೇಲೆ ಎಳೆತದ ಸುಮಾರು 1.4 ಪಟ್ಟು ಭಾರ ಹೇರುತ್ತದೆ. ಕಪ್ಪಿ ಕಿತ್ತುಬಂದರೆ ಹಾರುವುದು ಹಗ್ಗದ ಮೂಲೆಯ ಒಳಭಾಗಕ್ಕೆ, ಆದ್ದರಿಂದ ಅಲ್ಲಿ ಯಾರೂ ನಿಲ್ಲಬಾರದು.

ಮರ ಕೊಯ್ಯುವ ವಿಷಯದಲ್ಲಿ ನಾನು ಬಹಳ ಬಿಗಿ. ಬೀಳಬೇಕಾದ ಕಡೆಗೆ ಕಚ್ಚು ತೆಗೆದು, ಹಗ್ಗವನ್ನು ಬಿಗಿಯಾಗುವಷ್ಟೇ ಎಳೆಸಿ ನಿಲ್ಲಿಸಿ, ಹಿಂದಿನಿಂದ ಕೊಯ್ಯುತ್ತ ಗರಗಸದ ಬೆನ್ನಿಗೇ ಬೆಣೆ ಹೊಡೆಯುತ್ತ ಹೋಗಿ, ಕಚ್ಚಿಗೂ ಹಿಂದಿನ ಕೊಯ್ತಕ್ಕೂ ನಡುವೆ ಕಾಂಡದ ಅಡ್ಡಳತೆಯ ಹತ್ತನೇ ಒಂದು ಭಾಗದಷ್ಟು ಕೊಯ್ಯದ ಪಟ್ಟಿ ಉಳಿದಾಗ ಗರಗಸ ನಿಲ್ಲಿಸಿ, ಓರೆಯಾಗಿ ಹಿಂದಕ್ಕೆ ಸರಿದು, ಆಮೇಲಷ್ಟೇ ಗಾಡಿಗೆ ಕೈ ಬೀಸಿದೆ. ಪಟ್ಟಿ ಇನ್ನೂ ದಪ್ಪವಿರುವಾಗ ಬಲವಾಗಿ ಎಳೆದರೆ ಕಾಂಡ ಉದ್ದಕ್ಕೆ ಸೀಳಿ ಹಿಂದಕ್ಕೆ ಒದೆಯುತ್ತದೆ, ಇಂಥ ಅವಸರ ಈ ಕೆಲಸದಲ್ಲಿ ಜೀವವನ್ನೇ ತೆಗೆಯಬಹುದು. ಜಗ್ಗಿ ಜಗ್ಗಿ ಎಳೆಯುವುದನ್ನು ನಾನು ಚಾಲಕನಿಗೆ ಸಂಪೂರ್ಣ ನಿಷೇಧಿಸಿದ್ದೆ. ನಡೆಯುವ ವೇಗಕ್ಕಿಂತಲೂ ನಿಧಾನವಾಗಿ ಒಂದೆರಡು ಮೀಟರ್ ಹೋಗುವಷ್ಟರಲ್ಲಿ ಮರದ ಭಾರ ಮುಂದಕ್ಕೆ ದಾಟಿತು, ಉಳಿದದ್ದನ್ನು ಅದೇ ಮಾಡಿಕೊಂಡಿತು.

ಖರ್ಚು ಹೇಳಬೇಕೆಂದರೆ, ಹಗ್ಗ, ಕಪ್ಪಿ, ಶ್ಯಾಕಲ್, ಬೆಣೆ ಎಲ್ಲ ಸೇರಿ ಕ್ರೇನಿನವರು ಕೇಳಿದ್ದ ಮೊತ್ತದ ಅರ್ಧದ ಒಳಗೇ ಆಯಿತು, ಸಾಮಾನು ನನ್ನ ಬಳಿಯೇ ಉಳಿಯಿತು. ಅಗ್ಗದ ಕಪ್ಪಿಯೊಂದರ ತಟ್ಟೆ ಬರೀ ಪರೀಕ್ಷೆಯ ಎಳೆತಕ್ಕೇ ಬಾಗಿದ್ದರಿಂದ ಸ್ವಲ್ಪ ಹಣ ಗುಜರಿಗೆ ಹೋದದ್ದು ನಿಜ.

ಅದೇ ಉತ್ಸಾಹದಲ್ಲಿ ಮೋಟುಗಳನ್ನೂ ಕೀಳಿಸಿ ನೋಡಿದೆ. ಮೋಟಿನ ಪಕ್ಕ ಹಳೆಯ ಚಕ್ರವೊಂದನ್ನು ನಿಲ್ಲಿಸಿ ಹಗ್ಗವನ್ನು ಅದರ ಮೇಲಿಂದ ಹಾಯಿಸಿದರೆ ಎಳೆತ ಮೇಲ್ಮುಖವಾಗುತ್ತದೆ, ತೊಡೆಗಾತ್ರದ ಮೋಟುಗಳು ಹೀಗೆ ಸಲೀಸಾಗಿ ಬಂದವು. ಅದಕ್ಕಿಂತ ದೊಡ್ಡವಕ್ಕೆ ಬೇರು ಕಡಿಯದೆ ಗತಿಯಿಲ್ಲ. ಒಣಗಿದ ಅಥವಾ ಬುಡದಲ್ಲಿ ಟೊಳ್ಳಾದ ಮರಗಳಿಗೆ ಮಾತ್ರ ನಾನು ಹಗ್ಗ ಹಾಕುವುದಿಲ್ಲ: ಎಳೆದಾಗ ತಲೆ ಮುರಿದು ಕೊಯ್ಯುವವನ ಮೇಲೆಯೇ ಬೀಳಬಹುದು, ಬುಡದ ಪಟ್ಟಿಗೆ ಹಿಡಿದಿಡುವ ನಾರು ಉಳಿದಿರುವುದಿಲ್ಲ. ಅವುಗಳಿಗೆ ಇಂದಿಗೂ ಕ್ರೇನನ್ನೇ ಕರೆಸುತ್ತೇನೆ.