‘ನನ್ನ ಮೇಲೆ ಬೇಡ’: ಬ್ಯೂಟಿ ಥೆರಪಿ ಪ್ರಾಕ್ಟಿಕಲ್‌ನಲ್ಲಿ ಆ ಮಾತಿಗೆ ಜಾಗ ಮಾಡಿದ ಬಗೆ

ಬ್ಯೂಟಿ ಥೆರಪಿ ಕಲಿಸುವ ಕಡೆಯಲ್ಲೆಲ್ಲ ಕಲಿಯುವವರೇ ಮಾಡೆಲ್‌ಗಳು. ಇಬ್ಬಿಬ್ಬರನ್ನು ಜೋಡಿ ಮಾಡಿ, ಇವತ್ತು ನೀನು ಅವಳಿಗೆ ಮಾಡು, ನಾಳೆ ಅವಳು ನಿನಗೆ ಮಾಡುತ್ತಾಳೆ ಎಂದು ಬಿಡುವುದು ರೂಢಿ. ಚಿಕ್ಕಬಳ್ಳಾಪುರದಲ್ಲಿ ನಾನು ನಡೆಸುವ ಇಪ್ಪತ್ತು ಜನರ ಬ್ಯಾಚ್‌ನಲ್ಲಿ ಮೊದಲು ಕೈಬಿಟ್ಟದ್ದು ಈ ಜೋಡಿ ಪದ್ಧತಿಯನ್ನು. ಜೋಡಿಯಲ್ಲಿ ಒಬ್ಬಳು ವ್ಯಾಕ್ಸ್ ಬೇಡ ಅಂದರೆ ಇನ್ನೊಬ್ಬಳ ಪ್ರಾಕ್ಟಿಕಲ್ ನಿಂತುಹೋಗುತ್ತದೆ. ಟೀಚರ್ ಒತ್ತಾಯ ಮಾಡುವ ಅಗತ್ಯವೇ ಇಲ್ಲ, ಗೆಳತಿಯೇ ಸಾಕು: ‘ನಿನ್ ಕೈಲಿ ನಾನು ಮಾಡಿಸ್ಕೊಂಡಿಲ್ವಾ, ಈಗ ನೀನ್ಯಾಕೆ ಕೂರಲ್ಲ?’ ಈ ಮಾತಿಗೆ ಉತ್ತರ ಇಲ್ಲದೆ ಕುರ್ಚಿಯ ಮೇಲೆ ಕೂರುವ ಹುಡುಗಿ ಒಪ್ಪಿದಳು ಎಂದು ನಾನು ಎಣಿಸುವುದಿಲ್ಲ.

ಎಲ್ಲರೂ ಮೈ ಕೊಡದಿದ್ದರೆ ಕಲಿಯುವುದು ಹೇಗೆ ಎಂದು ಕೇಳುವವರು ಲೆಕ್ಕ ಹಾಕಿ ನೋಡಬೇಕು. ಒಬ್ಬರ ಹುಬ್ಬನ್ನು 15-20 ದಿನಕ್ಕೊಮ್ಮೆ ಥ್ರೆಡಿಂಗ್ ಮಾಡಬಹುದು, ಅದಕ್ಕಿಂತ ಬೇಗ ಮಾಡಿದರೆ ತೆಗೆಯಲು ಕೂದಲಿರುವುದಿಲ್ಲ, ಆಕಾರಕ್ಕೆ ಬಿಟ್ಟ ಕೂದಲಿಗೇ ದಾರ ತಾಗಿ ಹುಬ್ಬು ಸಣಕಲಾಗುತ್ತದೆ. ಮೂರು ತಿಂಗಳ ಕೋರ್ಸಿನಲ್ಲಿ ಒಬ್ಬರಿಗೆ ಸುಮಾರು ಐದು ಸಲ. ಇಪ್ಪತ್ತು ಜನ ಐದು ಸಲ ಕೂತರೆ ನೂರು ಜೊತೆ ಹುಬ್ಬು, ಅಂದರೆ ಒಬ್ಬೊಬ್ಬ ವಿದ್ಯಾರ್ಥಿನಿಯ ಕೈಗೆ ಬರುವುದು ಐದೇ ಜೊತೆ. ನಾಲ್ವರು ಬೇಡ ಅಂದರೆ ಆ ಐದು ನಾಲ್ಕಾಗುತ್ತದೆ. ನನ್ನ ಅಂದಾಜಿನಲ್ಲಿ ಥ್ರೆಡಿಂಗ್‌ಗೆ ಕೈ ಕೂರಲು ಇಪ್ಪತ್ತೈದು, ಮೂವತ್ತು ಜೊತೆಯಾದರೂ ಬೇಕು. ಆ ಇಪ್ಪತ್ತು ಚಿಲ್ಲರೆಗೆ ಹೇಗಿದ್ದರೂ ಹೊರಗಿನವರನ್ನು ಕರೆಯಲೇಬೇಕು, ಅಂದಮೇಲೆ ಉಳಿದ ಒಂದೊಂದು ಜೊತೆಗಾಗಿ ನಾಲ್ಕು ಹುಡುಗಿಯರನ್ನು ಹಿಂಡುವುದರಲ್ಲಿ ಯಾವ ಅರ್ಥವೂ ಕಾಣುವುದಿಲ್ಲ.

ವ್ಯಾಕ್ಸಿಂಗ್‌ನಲ್ಲೂ ಇದೇ ಲೆಕ್ಕ. ಕೂದಲು ಅಕ್ಕಿಕಾಳಿನಷ್ಟು, ಅಂದರೆ ಸುಮಾರು 5-6 ಮಿಲಿಮೀಟರ್ ಇದ್ದರೆ ಮಾತ್ರ ವ್ಯಾಕ್ಸ್ ಹಿಡಿಯುತ್ತದೆ. ಒಮ್ಮೆ ತೆಗೆದ ಮೇಲೆ ಮತ್ತೆ ಅಷ್ಟು ಬೆಳೆಯಲು ಮೂರು, ನಾಲ್ಕು ವಾರ ಬೇಕು. ಆದರೆ ಇಲ್ಲೊಂದು ಅನುಕೂಲವಿದೆ: ಮೊಣಕಾಲಿನ ಕೆಳಗಿನ ವ್ಯಾಕ್ಸ್‌ನಲ್ಲಿ ಒಂದೊಂದು ಕಾಲನ್ನು ಒಬ್ಬೊಬ್ಬರಿಗೆ ಕೊಡಬಹುದು. ಇಪ್ಪತ್ತು ಜನಕ್ಕೆ ಹತ್ತು ಮಾಡೆಲ್ ಸಾಕು. ಆರು ಜನ ಕ್ಲಾಸಿನವರು ಇಷ್ಟಪಟ್ಟು ಕೂತರೆ ನಾಲ್ವರನ್ನು ಹೊರಗಿನಿಂದ ಕರೆದರಾಯಿತು. ಹುಬ್ಬನ್ನು ಮಾತ್ರ ಹೀಗೆ ಹಂಚಬಾರದು, ಎರಡು ಕೈ ಬಿದ್ದರೆ ಎರಡು ಆಕಾರ ಬರುತ್ತದೆ.

ಸೇರಿದ ಮೊದಲ ದಿನ ಎರಡು ಹಾಳೆ ಕೊಡುತ್ತೇನೆ. ಎರಡನ್ನೂ ಬೇರೆ ಬೇರೆ ಇಟ್ಟಿರುವುದಕ್ಕೆ ಕಾರಣವಿದೆ. ಮೊದಲನೆಯದು ಒಪ್ಪಿಗೆ ಹಾಳೆ: ಥ್ರೆಡಿಂಗ್, ಮೇಲ್ತುಟಿ, ಕೈ ವ್ಯಾಕ್ಸ್, ಕಾಲು ವ್ಯಾಕ್ಸ್, ಕಂಕುಳು, ಬ್ಲೀಚ್, ಫೇಶಿಯಲ್, ಸ್ಟೀಮ್, ಗ್ಯಾಲ್ವಾನಿಕ್, ಹೈ ಫ್ರೀಕ್ವೆನ್ಸಿ, ಮ್ಯಾನಿಕ್ಯೂರ್, ಪೆಡಿಕ್ಯೂರ್, ಹೇರ್ ಕಲರ್, ಹೇರ್ ಕಟ್ ಎಂದು ಒಂದರ ಕೆಳಗೆ ಒಂದು. ಪ್ರತಿಯೊಂದರ ಮುಂದೆ ಮೂರು ಚೌಕ: ‘ಆಗಬಹುದು’, ‘ಆ ದಿನ ಹೇಳುತ್ತೇನೆ’, ‘ಬೇಡ’. ಕಾರಣ ಬರೆಯುವ ಚೌಕ ಇಲ್ಲ. ಹಿಂದೆ ಇತ್ತು. ಆಗ ಹಾಳೆ ತುಂಬ ‘ತಲೆನೋವು’, ‘ಅಲರ್ಜಿ’ ಎಂದು ತುಂಬಿಹೋಗುತ್ತಿತ್ತು. ಮನೆಯಲ್ಲಿ ಬೈಯುತ್ತಾರೆ ಎಂದು ಬರೆಯಲು ಸಂಕೋಚಪಟ್ಟವಳು ಅಲರ್ಜಿ ಎಂದು ಬರೆಯುತ್ತಿದ್ದಳು, ನಿಜವಾಗಿ ಅಲರ್ಜಿ ಇದ್ದವಳೂ ಅದನ್ನೇ ಬರೆಯುತ್ತಿದ್ದಳು. ಯಾರ ಚರ್ಮದ ಬಗ್ಗೆ ಹೆದರಬೇಕು ಎಂದು ಟೀಚರಿಗೆ ತಿಳಿಯುವ ದಾರಿಯೇ ಮುಚ್ಚಿಹೋಗಿತ್ತು. ಕಾರಣ ಕೇಳುವುದನ್ನು ಬಿಟ್ಟ ಮೇಲೆ ಆರೋಗ್ಯದ ಹಾಳೆಗೆ ನಿಜ ಬರತೊಡಗಿತು.

ಕಾರಣ ಕೇಳದಿದ್ದರೂ ಈ ಸೀಮೆಯಲ್ಲಿ ಏನೇನು ಇರುತ್ತದೆ ಎಂದು ಕಲಿಸುವವರಿಗೆ ಗೊತ್ತಿರಬೇಕು. ಮಂಗಳವಾರ, ಶುಕ್ರವಾರ ಕೂದಲಿಗೆ ಕತ್ತರಿ ಮುಟ್ಟಿಸುವುದಿಲ್ಲ. ಮುಡಿ ಕೊಡುವ ಹರಕೆ ಇದ್ದರೆ ತುದಿ ಕತ್ತರಿಸಲೂ ಒಪ್ಪುವುದಿಲ್ಲ. ಕತ್ತಿನ ಮಸಾಜಿಗೆ ತಾಳಿ ಬಿಚ್ಚುವುದಿಲ್ಲ, ಲಿಂಗ ಕಟ್ಟಿದವರು ಅದನ್ನು ತೆಗೆದಿಡುವುದಿಲ್ಲ. ತಲೆವಸ್ತ್ರ ತೆಗೆಯಬೇಕಾದರೆ ಬಾಗಿಲ ಬಳಿ ಗಂಡಸರು ಸುಳಿಯಬಾರದು. ಮುಂದಿನ ವಾರ ಹೆಣ್ಣು ನೋಡಲು ಬರುತ್ತಾರೆ ಎಂದು ಗೊತ್ತಾದ ಹುಡುಗಿ ಬ್ಲೀಚ್‌ಗೆ ಮುಖ ಕೊಡುವುದಿಲ್ಲ, ಕೊಡಲೂ ಬಾರದು. ತಿಂಗಳ ಮುಟ್ಟಿನ ದಿನಗಳಲ್ಲಿ ವ್ಯಾಕ್ಸ್ ಹೆಚ್ಚು ನೋಯುತ್ತದೆ, ‘ಆ ದಿನ ಹೇಳುತ್ತೇನೆ’ ಎನ್ನುವ ಚೌಕ ಬಹುಪಾಲು ಇದಕ್ಕೇ ಬಳಕೆಯಾಗುತ್ತದೆ. ಇವು ಯಾವುವೂ ಕ್ಲಾಸಿನಲ್ಲಿ ಚರ್ಚೆಗೆ ಬರಬೇಕಾದ ವಿಷಯಗಳಲ್ಲ.

ಎರಡನೆಯದು ಆರೋಗ್ಯದ ಹಾಳೆ. ಅದು ನನ್ನ ಬೀರುವಿನಲ್ಲಿ ಬೀಗದೊಳಗೆ ಇರುತ್ತದೆ, ಬೇರೆ ವಿದ್ಯಾರ್ಥಿನಿಯರು ನೋಡುವುದಿಲ್ಲ. ಅದರಲ್ಲಿ ಉಬ್ಬಸ, ಫಿಟ್ಸ್, ಸಕ್ಕರೆ ಕಾಯಿಲೆ, ಗರ್ಭ, ಮೈಯಲ್ಲಿ ಪೇಸ್‌ಮೇಕರ್ ಅಥವಾ ಲೋಹದ ರಾಡು, ಕಾಲಿನಲ್ಲಿ ಉಬ್ಬಿದ ರಕ್ತನಾಳ, ಹುಳುಕಡ್ಡಿ, ನರಹುಲಿ ಬಗ್ಗೆ ಪ್ರಶ್ನೆಗಳಿವೆ. ಗ್ಯಾಲ್ವಾನಿಕ್, ಹೈ ಫ್ರೀಕ್ವೆನ್ಸಿ ಎರಡೂ ಕರೆಂಟಿನ ಕೆಲಸ. ಪೇಸ್‌ಮೇಕರ್, ಗರ್ಭ, ಫಿಟ್ಸ್ ಇದ್ದವರು ಆಸೆಪಟ್ಟು ಕೇಳಿದರೂ ಮಾಡುವುದಿಲ್ಲ. ಮೊಡವೆಗೆ ಐಸೊಟ್ರೆಟಿನೊಯಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ನಿಲ್ಲಿಸಿ ಆರು ತಿಂಗಳಾಗುವವರೆಗೆ ವ್ಯಾಕ್ಸ್ ಇಲ್ಲ, ಚರ್ಮವೇ ಸ್ಟ್ರಿಪ್ ಜೊತೆ ಎದ್ದು ಬರುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಒಂದಿದೆ: ‘ಮುಖ ಬೆಳ್ಳಗಾಗಲು ಮೆಡಿಕಲ್ ಶಾಪಿನಿಂದ ಟ್ಯೂಬ್ ತಂದು ಹಚ್ಚುತ್ತೀರಾ?’ ಹೌದು ಎಂದರೆ ಟ್ಯೂಬನ್ನೇ ತರಲು ಹೇಳುತ್ತೇನೆ. ಅದರ ಮೇಲೆ ಬೀಟಾಮೆಥಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್ ಎಂದಿದ್ದರೆ ಸ್ಟೀರಾಯ್ಡ್. ತಿಂಗಳುಗಟ್ಟಲೆ ಹಚ್ಚಿದ ಮುಖದ ಚರ್ಮ ಈರುಳ್ಳಿ ಪೊರೆಯಷ್ಟು ತೆಳ್ಳಗಾಗಿರುತ್ತದೆ, ಬ್ಲೀಚ್ ಹಾಕಿದರೆ ಉರಿ, ಮೇಲ್ತುಟಿಗೆ ವ್ಯಾಕ್ಸ್ ಹಾಕಿದರೆ ಗಾಯ. ಅಂಥವರನ್ನು ಚರ್ಮದ ಡಾಕ್ಟರ ಹತ್ತಿರ ಕಳಿಸುತ್ತೇನೆ, ಅಲ್ಲಿಯವರೆಗೆ ಮುಖಕ್ಕೆ ಯಾವ ಪ್ರಾಕ್ಟೀಸೂ ಇಲ್ಲ. ಶಿಡ್ಲಘಟ್ಟದ ಕಡೆಯಿಂದ ಬರುವವರಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆ ಕೆಲಸ ಮಾಡಿದ ಕೈಗಳಿರುತ್ತವೆ. ಬಿಸಿನೀರಿನಲ್ಲಿ ಗೂಡು ಹಿಡಿದು ಹಿಡಿದು ಬೆರಳ ಸಂದು ಬಿಳಿಚಿಕೊಂಡು ಒಡೆದಿರುತ್ತದೆ. ಉಗುರಿನ ಬುಡದ ಚರ್ಮ ತೆಗೆಯಲು ಹಚ್ಚುವ ಕ್ಯುಟಿಕಲ್ ರಿಮೂವರ್‌ನಲ್ಲಿ ಇರುವುದು ಕ್ಷಾರ, ಒಡೆದ ಕೈಗೆ ಬಿದ್ದರೆ ಕಾರ ಸವರಿದ ಹಾಗೆ. ಆ ಕೈ ಮ್ಯಾನಿಕ್ಯೂರ್ ಮಾಡಲಿ, ಮಾಡಿಸಿಕೊಳ್ಳುವುದು ಬೇಡ. ಮಾಡುವಾಗಲೂ ಗ್ಲೌಸ್ ಹಾಕಿಸುತ್ತೇನೆ. ಹೂ ಬಿಡಿಸುವ ಮನೆಗಳ ಹುಡುಗಿಯರಿಗೆ ಇನ್ನೊಂದು ಪ್ರಶ್ನೆ: ಸೇವಂತಿಗೆ ಮುಟ್ಟಿದರೆ ಅಥವಾ ಪಾರ್ಥೇನಿಯಂ ಗಿಡದ ಹತ್ತಿರ ಹೋದರೆ ತುರಿಕೆ ಬರುತ್ತದೆಯೇ? ಇವೆರಡೂ ಒಂದೇ ಕುಟುಂಬದ ಗಿಡಗಳು, ಕ್ಯಾಮೊಮೈಲ್, ಕ್ಯಾಲೆಂಡುಲಾ ಕೂಡ ಅದೇ ಕುಟುಂಬ. ‘ಸೂಕ್ಷ್ಮ ಚರ್ಮಕ್ಕೆ’ ಎಂದು ಬರೆದ ಕ್ರೀಮುಗಳಲ್ಲಿ ಇವು ಇರುತ್ತವೆ, ತುರಿಕೆಯ ಚರ್ಮಕ್ಕೆ ಅದೇ ತೊಂದರೆ.

ಎಚ್‌ಐವಿ ಬಗ್ಗೆ ಕೇಳುವುದಿಲ್ಲ. 2017ರ ಕಾಯ್ದೆಯ ಪ್ರಕಾರ ಅದನ್ನು ಒತ್ತಾಯದಿಂದ ಹೇಳಿಸುವಂತಿಲ್ಲ, ಕೇಳುವ ಅಗತ್ಯವೂ ಇಲ್ಲ. ಪ್ರತಿಯೊಬ್ಬರಿಗೂ ಹೊಸ ದಾರ, ಮೊಡವೆ ಚುಚ್ಚುವಾಗ ಗ್ಲೌಸ್, ರಕ್ತ ಕಂಡ ಲೋಹದ ಸಾಮಾನಿಗೆ ತೊಳೆದು 15 ಪೌಂಡ್ ಒತ್ತಡದ ಆಟೊಕ್ಲೇವ್‌ನಲ್ಲಿ 121 ಡಿಗ್ರಿಯಲ್ಲಿ ಹದಿನೈದು ನಿಮಿಷ, ಇದು ಎಲ್ಲರಿಗೂ ಒಂದೇ. ದಾರವನ್ನು ಬಾಯಲ್ಲಿ ಕಚ್ಚಿ ಥ್ರೆಡಿಂಗ್ ಮಾಡುವವಳ ಕೈಗೆ ಹುಬ್ಬು ಕೊಡುವುದಿಲ್ಲ ಎನ್ನುವ ಹಕ್ಕೂ ವಿದ್ಯಾರ್ಥಿನಿಗೆ ಇದೆ. ಕತ್ತಿಗೆ ಕಟ್ಟಿಕೊಂಡು ಮಾಡುವುದನ್ನು ಮೊದಲ ವಾರವೇ ಕಲಿಸಿದರೆ ಈ ಮಾತೇ ಬರುವುದಿಲ್ಲ.

ಹೇರ್ ಕಲರ್‌ಗೆ ಸೋಮವಾರ ಪ್ಯಾಚ್ ಟೆಸ್ಟ್, ಬುಧವಾರ ಪ್ರಾಕ್ಟಿಕಲ್. ಬಣ್ಣವನ್ನು ಡೆವಲಪರ್ (ಬಣ್ಣ ಹಿಡಿಸುವ ಪೆರಾಕ್ಸೈಡ್) ಜೊತೆ ಬೆರೆಸಿಯೇ ಕಿವಿಯ ಹಿಂದೆ ಅಥವಾ ಮೊಣಕೈ ಒಳಮಡಿಕೆಯಲ್ಲಿ ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದಾಗಿ ಹಚ್ಚಿ, ಪ್ಯಾಕಿನ ಮೇಲೆ ಬರೆದಷ್ಟು ಹೊತ್ತು ಬಿಟ್ಟು ತೊಳೆದು, 48 ಗಂಟೆ ಕಾಯಬೇಕು. ಬಣ್ಣದಲ್ಲಿರುವ ಪಿಪಿಡಿ ಎನ್ನುವ ರಾಸಾಯನಿಕದ ಅಲರ್ಜಿ ತಡವಾಗಿ ಏಳುವಂಥದ್ದು, ಅರ್ಧ ಗಂಟೆ ನೋಡಿ ಏನೂ ಆಗಲಿಲ್ಲ ಎನ್ನುವುದರಲ್ಲಿ ಏನೂ ತಿಳಿಯುವುದಿಲ್ಲ. ಹಿಂದೆ ಕಪ್ಪು ಮೆಹಂದಿಗೆ ಕೈ ಬೊಬ್ಬೆ ಎದ್ದಿದ್ದರೆ ಪ್ಯಾಚ್ ಟೆಸ್ಟ್ ಕೂಡ ಮಾಡಬಾರದು, ಅದರಲ್ಲಿ ಬೆರೆಸುವುದೂ ಪಿಪಿಡಿಯೇ.

ಬೇಡ ಅಂದವಳು ಏನು ಮಾಡಬೇಕು? ಅವಳನ್ನು ಮೂಲೆಯಲ್ಲಿ ಕೂರಿಸಿದರೆ ಅದು ಶಿಕ್ಷೆಯೇ. ಮಾಡಿಸಿಕೊಳ್ಳದಿದ್ದರೂ ಮಾಡುವ ಸರದಿ ಅವಳಿಗೆ ಇದ್ದೇ ಇದೆ. ಅದರ ಜೊತೆಗೆ ಯಾರ ಮೈಯೂ ಬೇಡದ ಅಭ್ಯಾಸ ಎಲ್ಲರಿಗೂ ಮೊದಲೇ ಮಾಡಿಸುತ್ತೇನೆ. ಟವೆಲ್ ಸುರುಳಿ ಸುತ್ತಿ ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಬಿಗಿದು ಅದರ ಮೇಲೆ ವ್ಯಾಕ್ಸ್ ಎಳೆದರೆ ಸ್ಪಾಚುಲಾದ ಓರೆ, ಪದರದ ತೆಳು, ಸ್ಟ್ರಿಪ್ಪನ್ನು ಮೇಲಕ್ಕೆತ್ತದೆ ಹಿಂದಕ್ಕೆ ಮಡಚಿ ಎಳೆಯುವುದು ಕೈಗೆ ಬರುತ್ತದೆ. ಫೇಶಿಯಲ್ ಸ್ಟ್ರೋಕಿನ ಒತ್ತಡವನ್ನು ತನ್ನದೇ ಮೊಣಕಾಲ ಚಿಪ್ಪಿನ ಮೇಲೆ ಕಲಿಯಬಹುದು, ಅದರ ಉಬ್ಬು ತಗ್ಗು ದವಡೆಯನ್ನು ಹೋಲುತ್ತದೆ. ದಾರದ ಎಂಟ್ಹತ್ತು ಸುತ್ತು ಹಾಕಿ ಬಿಡಿಸುವ ಚಲನೆಗೆ ತನ್ನದೇ ಕಾಲಿನ ಕೂದಲು ಸಾಕು. ಬಣ್ಣಕ್ಕೆ ನಿಜ ಕೂದಲಿನ ಡಮ್ಮಿ ಹೆಡ್ ಬೇಕು, ನೈಲಾನ್ ಕೂದಲು ಬಣ್ಣ ಹಿಡಿಯುವುದಿಲ್ಲ. ಚರ್ಮವನ್ನು ಎಡಗೈಯಲ್ಲಿ ಬಿಗಿಹಿಡಿಯುವುದು, ನೋವಾದಾಗ ಮುಖ ಹೇಗೆ ಬದಲಾಗುತ್ತದೆ ಎಂದು ಗಮನಿಸುವುದು, ಈ ಎರಡಕ್ಕೆ ಮಾತ್ರ ಮನುಷ್ಯರೇ ಬೇಕು.

ಹೊರಗಿನ ಮಾಡೆಲ್‌ಗಳಿಗೆ ಬಾಗಿಲಲ್ಲೇ ಬರೆದಿಟ್ಟಿದ್ದೇನೆ: ಕಲಿಯುವವರು ಮಾಡುತ್ತಾರೆ, ಸಾಮಾನಿನ ಖರ್ಚು ಮಾತ್ರ, ಬೇಕೆಂದಾಗ ನಿಲ್ಲಿಸಬಹುದು. ವರಮಹಾಲಕ್ಷ್ಮಿ, ಗೌರಿ ಹಬ್ಬದ ಹಿಂದಿನ ವಾರ ಜನ ತಾವಾಗಿ ಬರುತ್ತಾರೆ. ಆಷಾಢದಲ್ಲಿ ಮದುವೆ ಇಲ್ಲದ್ದರಿಂದ ಕೂದಲು, ಮುಖ ಎರಡಕ್ಕೂ ಬರುವವರು ಕಡಿಮೆ, ಆ ತಿಂಗಳು ಥಿಯರಿ ಮತ್ತು ಡಮ್ಮಿ ಕೆಲಸ ಇಟ್ಟುಕೊಳ್ಳುತ್ತೇನೆ.

ಒಪ್ಪಿ ಕೂತವಳು ನಡುವೆ ಬೇಡ ಅನ್ನಬಹುದು. ಮುಖಕ್ಕೆ ಪ್ಯಾಕ್ ಇದ್ದಾಗ ಬಾಯಿ ತೆರೆಯಲಾಗುವುದಿಲ್ಲ, ಆದ್ದರಿಂದ ಎಡಗೈ ಎತ್ತಿದರೆ ನಿಲ್ಲಿಸು ಎಂದರ್ಥ. ಬಾಗೇಪಲ್ಲಿ ಕಡೆಯ ಹುಡುಗಿಯರು ನೋವಿನಲ್ಲಿ ಮನೆಮಾತಿನಲ್ಲೇ ‘ವದ್ದು, ವದ್ದು’ (ಬೇಡ, ಬೇಡ) ಅನ್ನುತ್ತಾರೆ, ತೆಲುಗು ಬಾರದವಳಿಗೂ ಆ ಮಾತು ಗೊತ್ತಿರಬೇಕು. ನಿಲ್ಲಿಸುವುದಕ್ಕೂ ಕ್ರಮವಿದೆ. ಹರಡಿದ ವ್ಯಾಕ್ಸನ್ನು ‘ಇದೊಂದು ಎಳೆದುಬಿಡ್ತೀನಿ’ ಎಂದು ಎಳೆಯಬಾರದು, ಎಣ್ಣೆ ಹಚ್ಚಿ ಹತ್ತಿಯಲ್ಲಿ ಒರೆಸಿ ತೆಗೆಯಬೇಕು. ಬ್ಲೀಚನ್ನು ಒದ್ದೆ ಹತ್ತಿಯಲ್ಲಿ ತೆಗೆದು ತಣ್ಣೀರಿನಲ್ಲಿ ಮತ್ತೆ ಮತ್ತೆ ತೊಳೆಯಬೇಕು. ಗ್ಯಾಲ್ವಾನಿಕ್‌ನಲ್ಲಿ ಡಯಲ್ ಸೊನ್ನೆಗೆ ತಂದ ಮೇಲೆ ಎಲೆಕ್ಟ್ರೋಡ್ ಎತ್ತಬೇಕು, ಮೊದಲೇ ಎತ್ತಿದರೆ ಚುರ್ ಎಂದು ಹೊಡೆಯುತ್ತದೆ. ಒಂದು ಹುಬ್ಬು ಮುಗಿದು ಇನ್ನೊಂದು ಅರ್ಧವಾದಾಗ ಬೇಡ ಅಂದರೆ, ಆಗಲೂ ನಿಲ್ಲಿಸಿ. ಕನ್ನಡಿ ಕೊಡಿ, ಅಲೋವೆರಾ ಹಚ್ಚಿ, ಸ್ವಲ್ಪ ಹೊತ್ತಿನ ಮೇಲೆ ನಾನೇ ಮುಗಿಸಲೇ ಎಂದು ಒಂದು ಸಲ ಕೇಳಿ. ಎರಡನೇ ಸಲ ಕೇಳಿದರೆ ಅದು ಒತ್ತಾಯ.

ರೆಕಾರ್ಡ್ ಬುಕ್ಕಿನಲ್ಲಿ ಅಂಕ ಇರುವುದು ಮಾಡಿದ ಕೆಲಸಕ್ಕೆ ಮಾತ್ರ. ‘ಯಾರ ಮೇಲೆ’ ಎನ್ನುವ ಕಡೆ ಹೆಸರು ಬೇಡ, ಕ್ರಮಸಂಖ್ಯೆ ಸಾಕು. ಹೆಸರಿದ್ದರೆ ಯಾರು ಕೂರಲಿಲ್ಲ ಎಂದು ಎಣಿಸುವುದು ಸುಲಭವಾಗುತ್ತದೆ. ಮೊದಲು ಮತ್ತು ನಂತರದ ಫೋಟೊಗೆ ಬೇರೆಯೇ ಸಹಿ. ಟ್ರೀಟ್‌ಮೆಂಟ್‌ಗೆ ಒಪ್ಪಿದವಳು ವಾಟ್ಸಾಪ್ ಸ್ಟೇಟಸ್‌ಗೆ ಒಪ್ಪಿದ ಹಾಗಲ್ಲ.

ಸೇರುವಾಗಲೇ ‘ಎಲ್ಲಾ ಪ್ರಾಕ್ಟಿಕಲ್‌ಗೂ ಒಪ್ಪಿದ್ದೇನೆ’ ಎಂದು ಸಹಿ ಹಾಕಿಸಿಕೊಂಡು ಅದನ್ನೇ ತೋರಿಸುವ ಕೇಂದ್ರಗಳಿವೆ. ಭಾರತೀಯ ನ್ಯಾಯ ಸಂಹಿತೆಯ ಕಲಂ 28ರ ಪ್ರಕಾರ, ಹಾನಿಯ ಭಯದಿಂದ ಅಥವಾ ತಪ್ಪು ತಿಳಿವಳಿಕೆಯಿಂದ ಕೊಟ್ಟ ಒಪ್ಪಿಗೆ, ಅದು ಹಾಗೆ ಬಂದದ್ದೆಂದು ಎದುರಿನವರಿಗೆ ಗೊತ್ತಿದ್ದರೆ, ಒಪ್ಪಿಗೆ ಅನ್ನಿಸಿಕೊಳ್ಳುವುದಿಲ್ಲ. ಹದಿನೆಂಟು ತುಂಬದವರು ಮಾಡಿಕೊಂಡ ಕರಾರಿಗೆ 1872ರ ಕರಾರು ಕಾಯ್ದೆಯಲ್ಲಿ ಬೆಲೆ ಇಲ್ಲ. ಅಂಥವರಿಗೆ ಅಪ್ಪ, ಅಮ್ಮನ ಸಹಿ ತೆಗೆದುಕೊಳ್ಳುತ್ತೇನೆ, ಆದರೆ ಅಮ್ಮ ಆಗಲಿ ಅಂದು ಮಗಳು ಬೇಡ ಅಂದರೆ ನಡೆಯುವುದು ಮಗಳ ಮಾತು.

ಬೇಡ ಅಂದದ್ದಕ್ಕೆ ಅಂಕ ಕಡಿಮೆ ಮಾಡುತ್ತೇವೆ, ಸರ್ಟಿಫಿಕೇಟ್ ಕೊಡುವುದಿಲ್ಲ ಎಂದು ಯಾವುದೇ ಕೇಂದ್ರ ಹೇಳಿದರೆ ಬಾಯಿಮಾತಿನಲ್ಲಿ ಜಗಳ ಬೇಡ. ಒಂದು ಪುಟದ ಪತ್ರ ಬರೆಯಿರಿ: ಯಾವ ತಾರೀಖು, ಯಾವ ಟ್ರೀಟ್‌ಮೆಂಟ್, ಬೇಡ ಎಂದು ಯಾರಿಗೆ ಹೇಳಿದಿರಿ, ಅವರು ಏನೆಂದರು, ಅದೇ ಕೆಲಸವನ್ನು ಬೇರೆ ಮಾಡೆಲ್ ಮೇಲೆ ಮಾಡಿ ತೋರಿಸಲು ನೀವು ತಯಾರಿದ್ದೀರಿ ಎನ್ನುವುದು. ಈ ಕೊನೆಯ ಸಾಲನ್ನು ಬಿಡಬೇಡಿ, ಕೆಲಸ ಕಲಿಯಲು ಒಪ್ಪಲಿಲ್ಲ ಎಂದು ತಿರುಗಿಸುವ ದಾರಿ ಅದರಿಂದ ಮುಚ್ಚುತ್ತದೆ. ಸರ್ಕಾರದ ಕೌಶಲ್ಯ ಯೋಜನೆಯ ಕೇಂದ್ರವಾದರೆ ಪತ್ರದ ಒಂದು ಪ್ರತಿಯನ್ನು ಜಿಲ್ಲಾ ಕೌಶಲ್ಯಾಭಿವೃದ್ಧಿ ಅಧಿಕಾರಿಗೆ ಕೊಡಿ. ಮುಟ್ಟಿದ್ದು, ಬಟ್ಟೆ ತೆಗೆಸಿದ್ದು, ಮಾತನಾಡಿದ್ದು ಲೈಂಗಿಕ ಕಿರುಕುಳದ ಹಾಗಿದ್ದರೆ 2013ರ ಕಾಯ್ದೆಯಡಿ ಕೇಂದ್ರದ ಆಂತರಿಕ ಸಮಿತಿಗೆ ಮೂರು ತಿಂಗಳೊಳಗೆ ದೂರು ಕೊಡಬಹುದು. ಹತ್ತಕ್ಕಿಂತ ಕಡಿಮೆ ಜನ ಕೆಲಸ ಮಾಡುವ ಕಡೆ ಆ ಸಮಿತಿ ಇರುವುದಿಲ್ಲ, ಆಗ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಮಹಿಳಾ ಸಹಾಯವಾಣಿ 181. ಕೇಂದ್ರಕ್ಕೆ ಕೊಟ್ಟ ಪತ್ರದ ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಹಾಕಲು ಒಪ್ಪದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟ್ ಮಾಡಿ, ರಸೀದಿಯನ್ನು ನಿಮ್ಮ ಪ್ರತಿಗೆ ಪಿನ್ ಹಾಕಿ ಇಟ್ಟುಕೊಳ್ಳಿ.